ಸಿಗಡಿ, ಪಿತ್ತಗಂಧೆ ಮತ್ತು ಬಿಡದ ಹಿಡಿತ

ಕುಂಬಳೆ, ಉಪ್ಪಳದ ಕಡೆ ಊಟವಾಗಿ ಅರ್ಧ ಗಂಟೆಯೊಳಗೆ ಮೈಯೆಲ್ಲ ದದ್ದು ಎದ್ದರೆ ಮನೆಯ ಹಿರಿಯರ ತೀರ್ಪು ಒಂದೇ: ಪಿತ್ತಗಂಧೆ. ಪುನರ್ಪುಳಿ ಹಿಂಡಿದ ನೀರು ಕುಡಿಸುತ್ತಾರೆ, ಮೈಗೂ ಸವರುತ್ತಾರೆ. ತುರಿಸಿಕೊಳ್ಳುತ್ತಿರುವವನ ತಕರಾರು ಬೇರೆಯೇ: ‘ಇಪ್ಪತ್ತು ವರ್ಷ ತಿಂದ ಸಿಗಡಿ ಈಗೇಕೆ ಆಗದು?’

ಇದಕ್ಕೆ ಉತ್ತರ ಹುಡುಕಿದ ಕಥೆಯಲ್ಲಿ ಮೀನಿಗೂ ಒಂದು ಪಾತ್ರವಿದೆ, ಅದೂ ಕಡಲಿಲ್ಲದ ಊರಿನಲ್ಲಿ. ಇಂದು ಪೋಲೆಂಡಿಗೆ ಸೇರಿರುವ ಬ್ರೆಸ್ಲಾವ್ ನಗರದಲ್ಲಿ ಹೈಂಜ್ ಕ್ಯುಸ್ಟ್ನರ್ ಎಂಬ ವೈದ್ಯರಿಗೆ ಬೇಯಿಸಿದ ಮೀನು ಒಗ್ಗುತ್ತಿರಲಿಲ್ಲ. ಅವರ ಸಹೋದ್ಯೋಗಿ ಕಾರ್ಲ್ ಪ್ರಾಸ್ನಿಟ್ಸ್‌ಗೆ ಮೀನಿನಿಂದ ಏನೂ ಆಗುತ್ತಿರಲಿಲ್ಲ. ಕ್ಯುಸ್ಟ್ನರ್ ರಕ್ತದ ಸೀರಮ್ಮನ್ನು (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿನೀರನ್ನು) ಪ್ರಾಸ್ನಿಟ್ಸ್ ತಮ್ಮ ಚರ್ಮಕ್ಕೆ ಚುಚ್ಚಿಕೊಂಡರು. ಮರುದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿದಾಗ ಅಲ್ಲಿ ದದ್ದು ಎದ್ದಿತು. 1921ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ ಅಲರ್ಜಿಯ ಕಾರಣ ರಕ್ತದಲ್ಲೇ ಇದೆ ಎಂದು ಗೊತ್ತಾಯಿತು. ‘ಅಲರ್ಜಿ’ ಎಂಬ ಪದವನ್ನು 1906ರಲ್ಲೇ ವಿಯೆನ್ನಾದ ಕ್ಲೆಮೆನ್ಸ್ ಫಾನ್ ಪಿರ್ಕೆ ಟಂಕಿಸಿದ್ದರು.

ರಕ್ತದಲ್ಲಿರುವ ಆ ವಸ್ತು ಯಾವುದು? ಅದನ್ನು ಹಿಡಿಯಲು ಇನ್ನೂ ನಲವತ್ತೈದು ವರ್ಷ ಬೇಕಾಯಿತು. 1966ರಲ್ಲಿ ಅಮೆರಿಕದ ಡೆನ್ವರಿನಲ್ಲಿದ್ದ ಜಪಾನೀ ದಂಪತಿ ಕಿಮಿಶಿಗೆ ಮತ್ತು ತೆರುಕೊ ಇಶಿಜಾಕಾ ಅದನ್ನು ಗುರುತಿಸಿದರು. ಸ್ವೀಡನ್ನಿನ ಯೊಹಾನ್ಸನ್ ಮತ್ತು ಬೆನಿಕ್ ಬೇರೆ ದಾರಿಯಲ್ಲಿ ಅದೇ ಪ್ರತಿಕಾಯವನ್ನು, ಅಂದರೆ ಹೊರಗಿನ ವಸ್ತುವನ್ನು ಗುರುತಿಸಿ ಹಿಡಿಯಲು ದೇಹ ತಯಾರಿಸುವ ಪ್ರೋಟೀನನ್ನು, ಮುಟ್ಟಿದರು. 1968ರಲ್ಲಿ ಅದಕ್ಕೆ ಐಜಿಇ (ಇಮ್ಯುನೊಗ್ಲೋಬ್ಯುಲಿನ್ ಇ) ಎಂಬ ಹೆಸರು ನಿಂತಿತು. ರಕ್ತದಲ್ಲಿ ಬೇರೆ ಪ್ರತಿಕಾಯಗಳ ಮುಂದೆ ಇದು ಏನೇನೂ ಅಲ್ಲ, ಅಷ್ಟು ಕಡಿಮೆ.

ನನಗೆ ಕುತೂಹಲದ್ದೆನಿಸುವುದು ಮುಂದಿನ ಒಗಟು. ರಕ್ತದಲ್ಲಿ ಐಜಿಇ ಎರಡು ದಿನದಲ್ಲಿ ಅರ್ಧಕ್ಕಿಳಿಯುತ್ತದೆ. ಚರ್ಮದಲ್ಲಾದರೋ ವಾರಗಟ್ಟಲೆ ಉಳಿಯುತ್ತದೆ. ಅಂದರೆ ಅಲ್ಲಿ ಯಾರೋ ಅದನ್ನು ಹಿಡಿದುಕೊಂಡಿರಬೇಕು. ಹಿಡಿದುಕೊಂಡದ್ದು ಚರ್ಮದಂಥ ಕಡೆ ನೆಲೆಸಿರುವ ರಕ್ಷಣಾ ಕೋಶವಾದ ಮಾಸ್ಟ್ ಕೋಶದ ಮೈಮೇಲಿನ ಗ್ರಾಹಕ. (ಅಂಗಡಿಗೆ ಬರುವ ಗ್ರಾಹಕನಲ್ಲ, ಗ್ರಹಿಸಿ ಹಿಡಿಯುವವನು, ನಮ್ಮ ಪರಿಭಾಷೆ ಇಲ್ಲಿ ಕೊಂಚ ನಗೆ ತರಿಸುತ್ತದೆ.) ಈ ಕೋಶಗಳಿಗೆ 1878ರಲ್ಲಿ ಹೆಸರಿಟ್ಟ ಪೌಲ್ ಎರ್ಲಿಕ್, ಒಳಗೆ ತುಂಬಿದ ಕಣಗಳನ್ನು ಕಂಡು ಅವು ಚೆನ್ನಾಗಿ ಉಂಡು ಕೊಬ್ಬಿದವು ಎಂದುಕೊಂಡಿದ್ದರು. ಜರ್ಮನ್ನಿನಲ್ಲಿ ‘ಮಾಸ್ಟ್’ ಎಂದರೆ ಕೊಬ್ಬಿಸುವಿಕೆ. ಊಹೆ ತಪ್ಪಾಗಿತ್ತು, ಹೆಸರು ಉಳಿಯಿತು. ಆ ಕಣಗಳಲ್ಲಿರುವುದು ಊಟವಲ್ಲ, ಹಿಸ್ಟಮಿನ್ ಮತ್ತಿತರ ರಾಸಾಯನಿಕಗಳು.

ಗ್ರಾಹಕದಲ್ಲಿ ನಾಲ್ಕು ಪ್ರೋಟೀನ್ ಎಳೆಗಳಿವೆ: ಒಂದು ಆಲ್ಫಾ, ಒಂದು ಬೀಟಾ, ಎರಡು ಗಾಮಾ. ಆಲ್ಫಾ ಹೊರಚಾಚಿ Y ಆಕಾರದ ಐಜಿಇಯ ಕಾಲನ್ನು ಬಿಗಿಯಾಗಿ ಹಿಡಿಯುತ್ತದೆ, ಉಳಿದವು ಕೋಶದೊಳಕ್ಕೆ ಸಂಕೇತ ಕಳಿಸುತ್ತವೆ. ಐಜಿಇ ಬಂದು ಕುಳಿತ ಮಾತ್ರಕ್ಕೆ ಏನೂ ಆಗುವುದಿಲ್ಲ. ಸಿಗಡಿಯ ಒಂದೇ ಪ್ರೋಟೀನ್ ಅಕ್ಕಪಕ್ಕದ ಎರಡು ಐಜಿಇಗಳಿಗೆ ಒಟ್ಟಿಗೆ ತಗಲಿಕೊಂಡು ಅವುಗಳ ಗ್ರಾಹಕಗಳನ್ನು ಹತ್ತಿರಕ್ಕೆ ಎಳೆದಾಗಲೇ ಕೋಶ ಎಚ್ಚೆತ್ತು, ನಿಮಿಷಗಳಲ್ಲಿ ಹಿಸ್ಟಮಿನ್ ಸುರಿಯುತ್ತದೆ. ರಕ್ತನಾಳಗಳು ಸೋರಿ ಚರ್ಮ ಉಬ್ಬುತ್ತದೆ. ಶ್ವಾಸನಾಳ ಬಿಗಿದರೆ ಉಸಿರಿಗೇ ಸಂಚಕಾರ.

ಇಪ್ಪತ್ತು ವರ್ಷದ ಲೆಕ್ಕಕ್ಕೂ ಇಲ್ಲೇ ಉತ್ತರವಿದೆ. ಕೋಶಗಳ ಮೇಲೆ ಐಜಿಇ ಸದ್ದಿಲ್ಲದೆ ಸೇರುವುದು ಯಾವ ವಯಸ್ಸಿನಲ್ಲೂ ಶುರುವಾಗಬಹುದು. ಸಿಗಡಿಯ ಮುಖ್ಯ ಅಲರ್ಜಿಕಾರಕ ಟ್ರೋಪೊಮಯೋಸಿನ್. ಬೇಯಿಸಿದರೂ ಅದು ಕೆಡುವುದಿಲ್ಲ. ಅದಕ್ಕೆ ತೀರಾ ಹತ್ತಿರದ ಪ್ರೋಟೀನ್ ಜಿರಳೆಯಲ್ಲೂ ಹಾಸಿಗೆಯ ಧೂಳಿನ ನುಸಿಯಲ್ಲೂ ಇದೆ. ಜಡಿಮಳೆಯ ತಿಂಗಳುಗಳಲ್ಲಿ ನಮ್ಮ ಮನೆಗಳ ಒದ್ದೆ ಹಾಸಿಗೆಯ ನುಸಿಗಾಗಿ ಹುಟ್ಟಿದ ಐಜಿಇ ಸಿಗಡಿಯ ಮೇಲೂ ತಿರುಗಿಬೀಳಬಹುದು.

ಗ್ರಾಹಕದ ಗುಟ್ಟು ತಿಳಿದದ್ದರಿಂದಲೇ ಓಮಲಿಜುಮಾಬ್ ಎಂಬ ಔಷಧ ಸಾಧ್ಯವಾಯಿತು. ಅದು ರಕ್ತದಲ್ಲಿನ ಐಜಿಇಯನ್ನೇ ಹಿಡಿದು ಗ್ರಾಹಕಕ್ಕೆ ಸಿಗದಂತೆ ಮಾಡುತ್ತದೆ. ಅಮೆರಿಕದಲ್ಲಿ 2003ರಲ್ಲಿ ಆಸ್ತಮಾಕ್ಕೆ, 2024ರಲ್ಲಿ ಆಹಾರದ ಅಲರ್ಜಿಗೆ ಅದಕ್ಕೆ ಅನುಮತಿ ದೊರೆಯಿತು. ಆದರೆ ಇದು ತುರ್ತಿಗೆ ಬರುವ ಮದ್ದಲ್ಲ. ಗಂಟಲು ಕಟ್ಟಿದರೆ, ತಲೆ ತಿರುಗಿದರೆ ಬೇಕಾದದ್ದು ತೊಡೆಗೆ ಅಡ್ರಿನಲಿನ್ ಚುಚ್ಚುಮದ್ದು. ಆಗ ಪುನರ್ಪುಳಿ ಹಿಂಡುತ್ತ ಕೂರಬಾರದು.

ಎಲ್ಲ ತುರಿಕೆಗೂ ಐಜಿಇ ಕಾರಣವಲ್ಲ. ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ಕೈ ಗುಳ್ಳೆ ಏಳುವುದು ಟಿ ಕೋಶಗಳೆಂಬ ಬಿಳಿ ರಕ್ತಕಣಗಳ ಕೆಲಸ, ಅದಕ್ಕೆ ಒಂದೆರಡು ದಿನ ಹಿಡಿಯುತ್ತದೆ. ಐಸ್ ಇಲ್ಲದೆ ಬಿಸಿಲಿಗೆ ಬಿದ್ದ ಬಂಗುಡೆಯಲ್ಲಿ ಬ್ಯಾಕ್ಟೀರಿಯಾಗಳೇ ಹಿಸ್ಟಮಿನ್ ತಯಾರಿಸಿಟ್ಟಿರುತ್ತವೆ. ಮಾಸ್ಟ್ ಕೋಶದ ಹಂಗೇ ಬೇಡ. ಒಂದೇ ಪಾತ್ರೆಯ ಸಾರು ಉಂಡವರಲ್ಲಿ ಹಲವರ ಮುಖ ಒಟ್ಟಿಗೆ ಕೆಂಪೇರಿದರೆ ಮೊದಲು ಮೀನನ್ನೇ ಅನುಮಾನಿಸಬೇಕು.