ಹವಳ ಮುದುಡಿದರೆ, ಬಸವನಹುಳು ಉರುಳಿದರೆ: ಹೊಸ ಕಡಲತೊಟ್ಟಿಯ ಅಧ್ಯಯನ ಟಿಪ್ಪಣಿ

ಉಪ್ಪುನೀರಿನ ಅಕ್ವೇರಿಯಂ ಕಟ್ಟಿ ತಿಂಗಳೆರಡಾಗುವಷ್ಟರಲ್ಲಿ ದಾವಣಗೆರೆ, ಚಿತ್ರದುರ್ಗದ ಹವ್ಯಾಸಿಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ: ಹವಳ ಅರಳುತ್ತಿಲ್ಲ, ಬಸವನಹುಳು ಮರಳಿನ ಮೇಲೆ ಅಂಗಾತ ಬಿದ್ದಿದೆ, ಯಾವ ಔಷಧಿ ಹಾಕಲಿ? ಸದ್ಯಕ್ಕೆ ಯಾವುದೂ ಬೇಡ. ಅಂಗಡಿಯಲ್ಲಿ ಸಿಗುವ ಬಾಟಲಿಗಳಲ್ಲಿ ಹೆಚ್ಚಿನವು ಮೀನಿಗಾಗಿ ಮಾಡಿದವು. ಅದರಲ್ಲಿ ತಾಮ್ರವಿದ್ದರೆ ಬಸವನಹುಳುವಿನ ಕಥೆ ಅಲ್ಲಿಗೇ ಮುಗಿಯಿತು. ಕಾಯಿಲೆ ಯಾರಿಗೆ ಬಂದಿದೆ, ಯಾರಿಗೆ ಬಂದಿಲ್ಲ ಎನ್ನುವುದನ್ನು ಮೊದಲು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಅರ್ಧ ಉತ್ತರ ಅದರಲ್ಲೇ ಇರುತ್ತದೆ.

ಕಾರಣ ಸರಳ. ಹವಳ ಪ್ರಾಣಿಯೇ ಆದರೂ ಅದರ ಮೈಯೊಳಗೆ ಸೂಕ್ಷ್ಮ ಪಾಚಿಗಳು ವಾಸವಾಗಿರುತ್ತವೆ, ಅದರ ಊಟದ ದೊಡ್ಡ ಪಾಲು ಅವುಗಳಿಂದಲೇ ಬರುತ್ತದೆ. ಹಾಗಾಗಿ ಬೆಳಕು, ನೀರಿನ ಹರಿವು, ಕ್ಷಾರೀಯತೆ (ಆಮ್ಲವನ್ನು ತಡೆಯುವ ನೀರಿನ ಶಕ್ತಿ), ನೈಟ್ರೇಟ್, ಫಾಸ್ಫೇಟ್ ಇವುಗಳಲ್ಲಿ ಆದ ಏರುಪೇರು ಹವಳದ ಮೇಲೆ ಮೊದಲು ಕಾಣುತ್ತದೆ. ಬಸವನಹುಳುವಿಗೆ ದೀಪದ ಹಂಗಿಲ್ಲ. ಅದಕ್ಕೆ ಬೇಕಾದದ್ದು ಸರಿಯಾದ ಉಪ್ಪಿನಂಶ, ಆಮ್ಲಜನಕ, ಮೇಯಲು ಪಾಚಿ, ಲೋಹಗಳಿಲ್ಲದ ನೀರು. ಇಬ್ಬರೂ ಒಂದೇ ದಿನ ಕುಸಿದರೆ ತಪ್ಪು ನೀರಿನಲ್ಲಿದೆ ಎಂದು ಹಿಡಿಯಿರಿ. ಹುಳುಗಳು ಗಾಜನ್ನು ಮೇಯುತ್ತಾ ಆರಾಮವಾಗಿದ್ದು ಹವಳ ಮಾತ್ರ ಸೊರಗಿದ್ದರೆ ಬೆಳಕು, ಹರಿವು, ಕ್ಷಾರೀಯತೆಗಳ ಕಡೆಗೆ ನೋಡಿ. ಹವಳ ಅರಳಿಯೇ ಇದ್ದು ಹುಳುಗಳು ಒಂದೊಂದಾಗಿ ಸಾಯುತ್ತಿದ್ದರೆ ಹಸಿವು, ಪ್ರಯಾಣದ ಆಘಾತ, ತಾಮ್ರದ ಲೇಶ ಅಥವಾ ಕೆಳಗೆ ಹೇಳಲಿರುವ ಕಂದು ಲೋಳೆಯ ಬಗ್ಗೆ ಅನುಮಾನ ಪಡಬೇಕು. ಸೀಗಡಿಗಳು ಮಾತ್ರ ಸತ್ತು ಹುಳುಗಳು ಬದುಕಿದ್ದರೆ ಕೋಣೆಯಲ್ಲಿ ಉರಿಸಿದ ಸೊಳ್ಳೆಬತ್ತಿಯ ಬಗ್ಗೆಯೂ ವಿಚಾರಿಸಿ. ಅದರಲ್ಲಿರುವ ಪೈರೆಥ್ರಾಯ್ಡ್ ಎಂಬ ಕೀಟನಾಶಕ ಸೀಗಡಿ, ಏಡಿಗಳ ಜಾತಿಗೆ ಕಡು ವಿಷ.

ಮೊದಲು ಉಪ್ಪನ್ನು ಅಳೆಯಿರಿ

ಗುರಿ 35 ಪಿಪಿಟಿ (ಸಾವಿರ ಪಾಲಿನಲ್ಲಿ 35 ಪಾಲು ಉಪ್ಪು), ಅಂದರೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 1.026 ಸಾಪೇಕ್ಷ ಸಾಂದ್ರತೆ. ಅಂಕಿ ಎಲ್ಲರಿಗೂ ಗೊತ್ತು, ಎಡವಟ್ಟಾಗುವುದು ಬೆಳಕಿನ ಬಾಗುವಿಕೆಯಿಂದ ಉಪ್ಪನ್ನು ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ. ಶುದ್ಧ ನೀರಿನ ಹನಿ ಹಾಕಿ ಸೊನ್ನೆಗೆ ಕೂರಿಸಿದರೆ ಸಾಕೆಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಅಗ್ಗದ ಉಪಕರಣ ಸೊನ್ನೆಯಲ್ಲಿ ಸರಿಯಿದ್ದು 35ರ ಬಳಿ ಎರಡು ಮೂರು ಅಂಕ ತಪ್ಪಬಹುದು. ಅದನ್ನು ನಾವು ಬಳಸುವ ಜಾಗದಲ್ಲೇ, ಎಂದರೆ 35ರಲ್ಲೇ ಹೊಂದಿಸಬೇಕು. ಅದಕ್ಕೆ ದ್ರಾವಣ ಮನೆಯಲ್ಲೇ ಆಗುತ್ತದೆ: 36.5 ಗ್ರಾಂ ಒಣ ಅಡುಗೆ ಉಪ್ಪು, 963.5 ಗ್ರಾಂ ಶುದ್ಧ ನೀರು. ಈ 3.65 ಶೇಕಡಾ ದ್ರಾವಣ ಬೆಳಕನ್ನು ಬಾಗಿಸುವ ಪ್ರಮಾಣ 35 ಪಿಪಿಟಿ ಸಮುದ್ರದ ನೀರಿನದ್ದೇ. ಗಾಜಿನ ಮೇಲೆ ಎರಡು ಹನಿ ಬಿಟ್ಟು, ಅರ್ಧ ನಿಮಿಷ ತಣಿಯಲು ಬಿಟ್ಟು, ನೀಲಿ ಗೆರೆ 35ರ ಮೇಲೆ ಕೂರುವಂತೆ ತಿರುಪು ತಿರುಗಿಸಿ. ಅಡುಗೆಮನೆಯ ತಕ್ಕಡಿ ಅರ್ಧ ಗ್ರಾಂ ತೋರಿಸದಿದ್ದರೆ ಪರಿಚಯದ ಬೆಳ್ಳಿ ಬಂಗಾರದ ಅಂಗಡಿಯಲ್ಲಿ ಉಪ್ಪು ತೂಗಿಸಿಕೊಳ್ಳಿ. ನಕ್ಕರೂ ತೂಗಿಕೊಡುತ್ತಾರೆ. ಈ ದ್ರಾವಣ ಉಪಕರಣಕ್ಕೆ ಮಾತ್ರ. ತೊಟ್ಟಿಗೆ ಸಮುದ್ರದ ಉಪ್ಪಿನ ಮಿಶ್ರಣವೇ ಬೇಕು.

ಬೇಸಿಗೆಯಲ್ಲಿ ಇಲ್ಲಿನ ಒಣ ಗಾಳಿ ತೊಟ್ಟಿಯ ನೀರನ್ನು ಬೇಗ ಹೀರುತ್ತದೆ. ಆವಿಯಾಗುವುದು ನೀರು, ಉಪ್ಪು ಉಳಿದುಕೊಳ್ಳುತ್ತದೆ. ನೂರು ಲೀಟರಿನ ತೊಟ್ಟಿಯಲ್ಲಿ ಮೂರು ಲೀಟರ್ ಕಡಿಮೆಯಾದರೆ 35 ಇದ್ದದ್ದು 36 ದಾಟುತ್ತದೆ. ಅದನ್ನು ಶುದ್ಧ ನೀರಿನಿಂದಲೇ ತುಂಬಬೇಕು, ಉಪ್ಪುನೀರಿನಿಂದ ತುಂಬಿದರೆ ವಾರದಿಂದ ವಾರಕ್ಕೆ ಉಪ್ಪು ಏರುತ್ತಾ ಹೋಗುತ್ತದೆ. ಕಡಲಿನ ಬಸವನಹುಳು ತನ್ನ ಮೈಯೊಳಗಿನ ಲವಣವನ್ನು ಹೊರಗಿನದಕ್ಕಿಂತ ಬೇರೆಯಾಗಿ ಕಾಯ್ದುಕೊಳ್ಳಲಾರದು. ಹೊರಗೆ ಏರಿದರೆ ಒಳಗೂ ಏರುತ್ತದೆ. ಮೀನು ತಡೆದುಕೊಂಡಿತೆಂದು ಹುಳುವೂ ತಡೆಯುತ್ತದೆ ಎಂದು ಎಣಿಸಬಾರದು. ಉಪ್ಪು ತಪ್ಪಿದ್ದರೆ ದಿನಕ್ಕೆ 0.001 ಸಾಪೇಕ್ಷ ಸಾಂದ್ರತೆಗಿಂತ ಹೆಚ್ಚು ಬದಲಿಸದೆ ನಿಧಾನವಾಗಿ ಸರಿಪಡಿಸಿ.

ನಮ್ಮ ಊರಿನ ನೀರು, ನಮ್ಮ ಊರಿನ ಕಲ್ಲು

ಚಿತ್ರದುರ್ಗ ಜಿಲ್ಲೆಯ ಹಲವೆಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವವರಿಗೆ ಅದು ದೊಡ್ಡ ಸಮಸ್ಯೆಯೇ. ತೊಟ್ಟಿಯ ಮಟ್ಟಿಗೆ ಮಾತ್ರ ಭಯ ಬೇರೆ ಕಡೆ ಇದೆ: ಸಮುದ್ರದ ನೀರಿನಲ್ಲೇ ಲೀಟರಿಗೆ ಸುಮಾರು 1.3 ಮಿಲಿಗ್ರಾಂ ಫ್ಲೋರೈಡ್ ಇರುತ್ತದೆ. ಹವಳಕ್ಕೆ ಕಾಟ ಕೊಡುವುದು ಆ ನೀರಿನ ಜೊತೆ ಬರುವ ನೈಟ್ರೇಟ್, ಸಿಲಿಕಾ ಮತ್ತು ಲೋಹಗಳು. ದಾವಣಗೆರೆಯ ನಲ್ಲಿಗೆ ಬರುವ ತುಂಗಭದ್ರೆಯ ನೀರು ಬೋರ್‌ವೆಲ್ಲಿನಷ್ಟು ಗಡುಸಲ್ಲ, ಆದರೆ ಅದರಲ್ಲಿ ಕ್ಲೋರಿನ್ ಇರುತ್ತದೆ. ಎರಡಕ್ಕೂ ಆರ್‌ಒ ಬೇಕು, ಮನೆಯ ಕುಡಿಯುವ ನೀರಿನ ಯಂತ್ರವಷ್ಟೇ ಸಾಲದು. ಅದರಿಂದ ಬರುವ ನೀರಿನಲ್ಲಿ ಟಿಡಿಎಸ್ (ಕರಗಿದ ಲವಣಗಳ ಅಳತೆ) ಮೂವತ್ತು ನಲವತ್ತು ಉಳಿದಿರುವುದು ಸಾಮಾನ್ಯ, ಕೆಲವು ಯಂತ್ರಗಳು ರುಚಿಗೆಂದು ಖನಿಜವನ್ನು ಮತ್ತೆ ಸೇರಿಸುತ್ತವೆ. ಕೊನೆಯಲ್ಲಿ ಉಳಿದ ಲವಣಗಳನ್ನು ಹಿಡಿಯುವ ಡಿಐ ರಾಳದ ಕೊಳವೆ ಜೋಡಿಸಿ ಮೀಟರ್ ಸೊನ್ನೆ ತೋರಿಸಿದ ಮೇಲೆಯೇ ಉಪ್ಪು ಬೆರೆಸಬೇಕು.

ತಾಮ್ರದ ವಿಷಯದಲ್ಲಿ ನಮ್ಮ ಸೀಮೆಗೆ ಎರಡು ವಿಶೇಷ ಎಚ್ಚರಿಕೆಗಳಿವೆ. ಚನ್ನಗಿರಿ ಕಡೆಯ ಅಡಿಕೆ ತೋಟದವರ ಮನೆಗಳಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕಲಸಿದ ಬಕೆಟ್, ಡ್ರಮ್ಮುಗಳು ಇರುತ್ತವೆ. ಅದಕ್ಕೆ ಹಾಕುವ ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟ್. ಎಷ್ಟೇ ತೊಳೆದರೂ ಆ ಪಾತ್ರೆಯಲ್ಲಿ ಸಮುದ್ರದ ನೀರು ಬೆರೆಸಬೇಡಿ. ಎರಡನೆಯದು ಕಲ್ಲು. ಚಿತ್ರದುರ್ಗದ ಪಕ್ಕದ ಇಂಗಳದಾಳಿನಲ್ಲಿ ಹಿಂದೆ ತಾಮ್ರದ ಗಣಿಯೇ ನಡೆಯುತ್ತಿತ್ತು. ಆ ಸುತ್ತಿನ ಬಣ್ಣಬಣ್ಣದ ಕಲ್ಲು ಚೆಂದ ಕಾಣುತ್ತದೆಂದು ತೊಟ್ಟಿಯೊಳಗೆ ಇಡುವುದು ಹುಳುಗಳ ಜೀವದ ಜೊತೆ ಆಟ. ತಾಮ್ರದ ಔಷಧಿ ಬಳಸಿದ ಹಳೆಯ ತೊಟ್ಟಿಯ ಮರಳು, ಕಲ್ಲುಗಳೂ ತಾಮ್ರವನ್ನು ಹೀರಿಕೊಂಡು ಬಹಳ ಕಾಲ ಸ್ವಲ್ಪ ಸ್ವಲ್ಪವೇ ಬಿಡುತ್ತಿರುತ್ತವೆ. ಹವ್ಯಾಸಿಗಳ ಪರೀಕ್ಷಾ ಕಿಟ್ ಸೊನ್ನೆ ತೋರಿಸಿತೆಂದು ನಂಬಬೇಡಿ, ಹುಳುವನ್ನು ಕೊಲ್ಲಲು ಕಿಟ್‌ಗೆ ಕಾಣದಷ್ಟು ಸಾಕು.

ಅಮೋನಿಯದ ಬಗ್ಗೆ ಒಂದೇ ಮಾತು. ಸಿಹಿನೀರಿನ ಮೀನು ಸಾಕಿದ ಅನುಭವದಿಂದ ‘ಸ್ವಲ್ಪ ಇದ್ದರೆ ಪರವಾಗಿಲ್ಲ’ ಎನ್ನುವವರು ಗಮನಿಸಬೇಕು: ಪಿಎಚ್ ಸಿಹಿನೀರಿನ 7.2ರಿಂದ ಕಡಲತೊಟ್ಟಿಯ 8.2ಕ್ಕೆ ಏರಿದರೆ ಅದೇ ಅಮೋನಿಯದಲ್ಲಿ ವಿಷದ ಪಾಲು ಹತ್ತಿರ ಹತ್ತಿರ ಹತ್ತುಪಟ್ಟಾಗುತ್ತದೆ. ಹೊಸ ತೊಟ್ಟಿಯಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ.

ಬಸವನಹುಳು

ಅಂಗಾತ ಬಿದ್ದ ಹುಳುವೆಲ್ಲ ಸತ್ತಿರುವುದಿಲ್ಲ. ಆಸ್ಟ್ರಿಯಾ (Astraea) ಎಂಬ ಜಾತಿಯ ಹುಳು ಮರಳಿನ ಮೇಲೆ ಮಗುಚಿಕೊಂಡರೆ ತಾನಾಗಿ ಎದ್ದು ಕೂರಲಾರದು. ಪಾದವನ್ನು ಚಾಚಿ ಚಾಚಿ ಹಿಡಿತಕ್ಕೆ ಏನೂ ಸಿಗದೆ ಅಲ್ಲೇ ಸೊರಗಿ ಸಾಯುತ್ತದೆ. ಟ್ರೋಕಸ್ ಜಾತಿಯದು ಎದ್ದುಕೊಳ್ಳುತ್ತದೆ. ಹೊಸಬರು ಟ್ರೋಕಸ್ ತರುವುದೇ ಮೇಲು ಎನ್ನುವುದು ನನ್ನ ಅಭಿಪ್ರಾಯ. ಬಿದ್ದದ್ದನ್ನು ಎತ್ತಿ ಚಿಪ್ಪಿನ ಬಾಯಿ ನೋಡಿ: ಗಟ್ಟಿ ಮುಚ್ಚಳ ಬಿಗಿಯಾಗಿ ಮುಚ್ಚಿದ್ದರೆ ಅಥವಾ ಬೆರಳು ಸೋಕಿದಾಗ ಒಳಗೆ ಸರಿದರೆ ಜೀವವಿದೆ, ಕಲ್ಲಿನ ಮೇಲೆ ನೇರವಾಗಿ ಕೂರಿಸಿ. ಮುಚ್ಚಳ ಸಡಿಲವಾಗಿ ಜೋತು ಬಿದ್ದಿದ್ದರೆ ಮೂಗಿನ ಬಳಿ ತನ್ನಿ. ಸತ್ತ ಹುಳುವಿನ ನಾತ ಒಮ್ಮೆ ಮೂಸಿದವರು ಮರೆಯುವುದಿಲ್ಲ. ಅದನ್ನು ತಕ್ಷಣ ಹೊರಗೆ ಹಾಕಿ. ಸಣ್ಣ ತೊಟ್ಟಿಯಲ್ಲಿ ಒಂದು ದೊಡ್ಡ ಹುಳು ಕೊಳೆತರೂ ಅಮೋನಿಯ ಏರುತ್ತದೆ, ಮಾರನೆಯ ದಿನ ಹವಳವೂ ಮುದುಡುತ್ತದೆ.

ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಪಾರ್ಸೆಲ್ ಬರುವ ಹುಳುಗಳು ಚೀಲದೊಳಗೆ ಎಂಟು ಹತ್ತು ಗಂಟೆ ಕಳೆದಿರುತ್ತವೆ. ಚೀಲದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುವುದರಿಂದ ಅಲ್ಲಿ ಸೇರಿದ ಅಮೋನಿಯ ಅಷ್ಟಾಗಿ ಕಚ್ಚುವುದಿಲ್ಲ. ಬಾಯಿ ಬಿಚ್ಚಿದೊಡನೆ ಅನಿಲ ಹೊರಹೋಗಿ ಪಿಎಚ್ ಏರುತ್ತದೆ, ವಿಷ ಎಚ್ಚರಗೊಳ್ಳುತ್ತದೆ. ಆದ್ದರಿಂದ ಚೀಲದ ನೀರಿನಲ್ಲೇ ಗಂಟೆಗಟ್ಟಲೆ ಹನಿ ಹನಿ ಬೆರೆಸುವ ಪದ್ಧತಿ ಹಿಡಿಸುವುದಿಲ್ಲ. ಚೀಲದ ಉಪ್ಪಿನಂಶ ಅಳೆದು, ಅಷ್ಟೇ ಉಪ್ಪಿರುವ ಹೊಸ ನೀರನ್ನು ಬೇರೆ ಪಾತ್ರೆಯಲ್ಲಿ ಸಿದ್ಧಮಾಡಿ ಹುಳುಗಳನ್ನು ಅದಕ್ಕೆ ದಾಟಿಸಿ. ಆಮೇಲೆ ಒಂದೆರಡು ಗಂಟೆ ತೊಟ್ಟಿಯ ನೀರನ್ನು ಹನಿಸಿ. ಬಿಟ್ಟ ಮೇಲೆ ಒಂದು ದಿನ ಅಲುಗಾಡದಿದ್ದರೆ ಗಾಬರಿ ಬೇಡ.

ಹವಳ

ಬಿಳುಪು ಎಲ್ಲವೂ ಒಂದೇ ಅಲ್ಲ. ಬೆಳಕು ಹೆಚ್ಚಾಗಿಯೋ ನೀರು ಬಿಸಿಯಾಗಿಯೋ ಒಳಗಿನ ಪಾಚಿ ಹೊರಹೋದರೆ ಹವಳ ಬೆಳ್ಳಗಾಗುತ್ತದೆ, ಆದರೆ ಗಾಜಿನಂಥ ತೆಳು ಮಾಂಸ ಅಸ್ಥಿಯ ಮೇಲೆ ಉಳಿದಿರುತ್ತದೆ. ಟಾರ್ಚ್ ಓರೆಯಾಗಿ ಹಿಡಿದರೆ ಅದು ಕಾಣುತ್ತದೆ. ಇದು ಚೇತರಿಸಿಕೊಳ್ಳಬಹುದು, ಬೆಳಕು ತಗ್ಗಿಸಿ ಕಾಯಬೇಕು. ಮಾಂಸವೇ ಸುಲಿದು ಬರಿಯ ಅಸ್ಥಿ ಕಂಡರೆ ಅದು ಸಾವು, ಬುಡದಿಂದ ಮೇಲಕ್ಕೆ ಹಬ್ಬುತ್ತಿದ್ದರೆ ಆರೋಗ್ಯವಾಗಿರುವ ತುದಿಯನ್ನು ಕತ್ತರಿಸಿ ಉಳಿಸಿಕೊಳ್ಳುವುದೇ ದಾರಿ. ಯೂಫಿಲಿಯಾ ಎಂಬ ಕಲ್ಲುಹವಳ ಜಾತಿಯ ತಲೆಯ ಮೇಲೆ ಕಂದು ಜೆಲ್ಲಿ ತೇಲಾಡಿದರೆ ತಡಮಾಡಬೇಡಿ, ಅದು ಪಕ್ಕದ ತಲೆಗೂ ಹರಡುತ್ತದೆ. ಜೆಲ್ಲಿಯನ್ನು ಕೊಳವೆಯಿಂದ ಹೀರಿ ತೆಗೆದು, ಹವಳವನ್ನು ಅಯೋಡಿನ್ ಬೆರೆಸಿದ ತೊಟ್ಟಿಯ ನೀರಿನಲ್ಲಿ ಅದ್ದಿ ಬೇರೆ ಇಡಿ. ಮೃದುವಾದ ತೊಗಲು ಹವಳ ಮುದುಡಿ ಮೇಣದಂಥ ಪೊರೆ ಹೊದ್ದರೆ ಅದು ಪೊರೆ ಬಿಡುತ್ತಿದೆ ಅಷ್ಟೇ. ವಾರ ಕಳೆದರೂ ಕಳೆಯಲಿ, ಹರಿವು ತುಸು ಹೆಚ್ಚಿಸಿ ಬಿಟ್ಟುಬಿಡಿ.

ಅಸ್ಥಿ ಕಟ್ಟುವ ಹವಳಕ್ಕೆ ಕ್ಷಾರೀಯತೆ 8ರಿಂದ 9 ಡಿಕೆಎಚ್ (ಅದನ್ನು ಅಳೆಯುವ ಮಾನ), ಲೀಟರಿಗೆ ಕ್ಯಾಲ್ಸಿಯಂ 400ರಿಂದ 450, ಮೆಗ್ನೀಸಿಯಂ 1250ರಿಂದ 1350 ಮಿಲಿಗ್ರಾಂ ಇದ್ದರೆ ಸಾಕು. ಅಂಕಿಗಿಂತ ಅದರ ಸ್ಥಿರತೆ ಮುಖ್ಯ. 7.5ರಲ್ಲಿ ನಿಂತ ತೊಟ್ಟಿಯ ಹವಳ ಚೆನ್ನಾಗಿರುತ್ತದೆ, 7ಕ್ಕೂ 10ಕ್ಕೂ ಜೀಕುವ ತೊಟ್ಟಿಯದು ತುದಿ ಸುಟ್ಟುಕೊಳ್ಳುತ್ತದೆ.

ಜೋಆಂಥಿಡ್ (ಗುಂಡಿಯಾಕಾರದ ಹವಳದ ಬಗೆ) ಮುಚ್ಚಿಕೊಂಡಿದ್ದರೆ ರಾತ್ರಿ ಟಾರ್ಚ್ ಹಿಡಿದು ಅದರ ಬಣ್ಣವನ್ನೇ ಹೊತ್ತ, ಅದನ್ನೇ ತಿನ್ನುವ, ಚಿಪ್ಪಿಲ್ಲದ ಪುಟ್ಟ ನುಡಿಬ್ರಾಂಕ್‌ಗಳನ್ನು ಹುಡುಕಿ. ಕೆಲವು ಜೋಆಂಥಿಡ್‌ಗಳಲ್ಲಿ ಪಾಲಿಟಾಕ್ಸಿನ್ ಎಂಬ ಭಯಂಕರ ವಿಷವಿರುತ್ತದೆ. ಕೈಗವಸು, ಕನ್ನಡಕ ಇಲ್ಲದೆ ಕತ್ತರಿಸಬೇಡಿ, ಅದು ಬೆಳೆದ ಕಲ್ಲನ್ನು ಎಂದಿಗೂ ಕುದಿಸಬೇಡಿ, ಬಿಸಿನೀರಿನಲ್ಲಿ ಉಜ್ಜಬೇಡಿ. ಆ ಆವಿ ಮನೆಮಂದಿಯನ್ನೆಲ್ಲ ಆಸ್ಪತ್ರೆಗೆ ಕಳಿಸಬಲ್ಲದು. ಇನ್ನೊಂದು ಮಾತು: ನಮ್ಮ ಕಡಲಿನ ಕಲ್ಲುಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಸಮುದ್ರದಿಂದ ಕಿತ್ತು ತಂದ ತುಂಡನ್ನು ಯಾರಾದರೂ ಅಗ್ಗಕ್ಕೆ ಕೊಟ್ಟರೆ ಮುಟ್ಟಬೇಡಿ.

ಕಂದು ಲೋಳೆ

ಹುಳು, ಹವಳ ಎರಡನ್ನೂ ಒಟ್ಟಿಗೆ ಕಾಡಿ, ಎಲ್ಲ ಪರೀಕ್ಷೆಗಳಲ್ಲೂ ‘ಸರಿಯಿದೆ’ ಎಂದು ಬರುವ ಒಂದು ಸ್ಥಿತಿ ಇದೆ. ಒಣ (ಕಡಲ ಜೀವಿಗಳಿಲ್ಲದ) ಕಲ್ಲಿನಿಂದ ಕಟ್ಟಿದ ಹೊಸ ತೊಟ್ಟಿಗಳಲ್ಲಿ ಇದು ಹೆಚ್ಚು. ಮರಳಿನ ಮೇಲೆ ಕಂದು ಬಣ್ಣದ ಪದರ ಬರುತ್ತದೆ. ಅದು ಡಯಾಟಮ್ ಎಂಬ ಸೂಕ್ಷ್ಮ ಪಾಚಿ ಆಗಿದ್ದರೆ ಸಿಲಿಕಾ ತಿಂದು ಮುಗಿಸಿ ಕೆಲವು ವಾರಗಳಲ್ಲಿ ತಾನೇ ಹೋಗುತ್ತದೆ. ಡೈನೋಫ್ಲಾಜೆಲ್ಲೇಟ್ (ಚುಟುಕಾಗಿ ಡೈನೋ) ಎಂಬ ಏಕಕೋಶ ಜೀವಿ ಆಗಿದ್ದರೆ ಎಳೆ ಎಳೆಯಾಗಿ ನೇತಾಡುತ್ತದೆ, ಎಳೆಯ ತುದಿಗೆ ಗಾಳಿಗುಳ್ಳೆ ಸಿಕ್ಕಿಕೊಂಡಿರುತ್ತದೆ, ರಾತ್ರಿ ತೆಳುವಾಗಿ ಮಧ್ಯಾಹ್ನದ ಹೊತ್ತಿಗೆ ಮತ್ತೆ ದಟ್ಟವಾಗುತ್ತದೆ. ಇದರಲ್ಲಿ ಆಸ್ಟ್ರಿಯಾಪ್ಸಿಸ್ ಎಂಬ ಬಗೆ ವಿಷಕಾರಿ. ಅದನ್ನು ಮೇದ ಹುಳುಗಳು ಮಂಕಾಗಿ ಗಾಜಿನಿಂದ ಉದುರುತ್ತವೆ.

ಗುರುತಿಸುವ ಬಗೆ ಹೀಗೆ. ಲೋಳೆಯನ್ನು ಸಿರಿಂಜಿನಿಂದ ಹೀರಿ ಸಣ್ಣ ಬಾಟಲಿಗೆ ಹಾಕಿ, ಎಳೆಗಳೆಲ್ಲ ಮುರಿಯುವಂತೆ ಜೋರಾಗಿ ಕುಲುಕಿ. ಕಾಫಿ ಸೋಸುವ ಕಾಗದದಲ್ಲಿ ಸೋಸಿ, ಕೆಳಗಿಳಿದ ತಿಳಿಯನ್ನು ಗಾಜಿನ ಲೋಟದಲ್ಲಿ ದೀಪದ ಕೆಳಗಿಡಿ. ಗಂಟೆಯೊಳಗೆ ತಿಳಿನೀರಿನಲ್ಲಿ ಕಂದು ಎಳೆಗಳು ಮತ್ತೆ ಒಟ್ಟುಗೂಡಿದರೆ ಅನುಮಾನ ಬಲವಾಯಿತು. ಕಾಲೇಜಿನ ಪ್ರಾಣಿಶಾಸ್ತ್ರ ಪ್ರಯೋಗಾಲಯದ ಸೂಕ್ಷ್ಮದರ್ಶಕ ಸಿಕ್ಕರೆ ಇನ್ನೂ ಒಳ್ಳೆಯದು: ಹನಿಯಾಕಾರದ ಕಣ ಚೂಪು ತುದಿಯನ್ನು ನೆಟ್ಟುಕೊಂಡು ಅದೇ ಜಾಗದಲ್ಲಿ ಗಿರಗಿರನೆ ಸುತ್ತುತ್ತಿದ್ದರೆ ಆಸ್ಟ್ರಿಯಾಪ್ಸಿಸ್.

ಚಿಕಿತ್ಸೆ ಮಾತ್ರ ನಮ್ಮ ಅಂದಾಜಿಗೆ ಉಲ್ಟಾ. ಕೊಳೆ ಕಂಡೊಡನೆ ನೀರು ಬದಲಿಸುವುದು ಎಲ್ಲರ ಅಭ್ಯಾಸ. ಇಲ್ಲಿ ಅದರಿಂದ ಲೋಳೆ ಹೆಚ್ಚುವುದೇ ಸಾಮಾನ್ಯ. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಗಿಳಿದು ಉಳಿದ ಪಾಚಿ, ಬ್ಯಾಕ್ಟೀರಿಯಾಗಳು ಹಸಿದು ಹಿಂದೆ ಸರಿದಾಗಲೇ ಡೈನೋಗಳಿಗೆ ಜಾಗ ಸಿಗುವುದು. ಹಾಗಾಗಿ ಫಾಸ್ಫೇಟ್ ಹೀರುವ ಪುಡಿಯನ್ನು ತೆಗೆದುಹಾಕಿ, ಮೀನಿಗೆ ತುಸು ಧಾರಾಳವಾಗಿ ಉಣಿಸಿ, ಲೀಟರಿಗೆ ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.05ರಿಂದ 0.1 ಮಿಲಿಗ್ರಾಂ ಮಟ್ಟಕ್ಕೆ ಬರಲಿ. ವಿಷ ಹೀರಲು ಸಕ್ರಿಯ ಇಂಗಾಲ ಹಾಕಿ ಆಗಾಗ ಬದಲಿಸಿ. ರಾತ್ರಿ ನೀರಿಗೆ ಬಿಡಿಸಿಕೊಳ್ಳುವ ಬಗೆಗಳಿಗೆ ಯುವಿ ದೀಪ ಚೆನ್ನಾಗಿ ಕೆಲಸ ಮಾಡುತ್ತದೆ, ಮರಳಿನಲ್ಲೇ ಕೂರುವ ಬಗೆಗಳಿಗೆ ಅಷ್ಟಾಗಿ ಇಲ್ಲ. ಹಳೆಯ, ಆರೋಗ್ಯವಂತ ತೊಟ್ಟಿಯಿಂದ ಒಂದು ಹಿಡಿ ಮರಳು ಸಿಕ್ಕರೆ ತಂದು ಹರಡಿ. ಉಳಿದ ಹುಳುಗಳನ್ನು ಅಷ್ಟು ದಿನ ಬೇರೆ ಬಕೆಟ್ಟಿಗೆ ದಾಟಿಸಿ.

ಏಪ್ರಿಲ್‌ನಲ್ಲಿ ಇದರ ಜೊತೆಗೆ ಬಿಸಿಯೂ ಸೇರುತ್ತದೆ. ಹೊರಗೆ 38 ಡಿಗ್ರಿ ಇದ್ದಾಗ ಪಂಪು, ದೀಪಗಳ ಕಾವೂ ಕೂಡಿ ನೀರು 30 ದಾಟುವುದು ಕಷ್ಟವೇನಲ್ಲ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ನೀರಿನ ಮೇಲ್ಮೈಗೆ ಫ್ಯಾನ್ ಹಿಡಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ, ನಮ್ಮ ಒಣ ಹವೆಯಲ್ಲಿ ಈ ಉಪಾಯ ಕರಾವಳಿಗಿಂತ ಚೆನ್ನಾಗಿ ನಡೆಯುತ್ತದೆ. ಕರೆಂಟು ಹೋದಾಗ ತಾನಾಗಿ ಚಾಲೂ ಆಗುವ ಬ್ಯಾಟರಿ ಗಾಳಿಪಂಪು ಒಂದಿರಲಿ. ತಂಪು ನೀರಿನ ಮೆಕ್ಸಿಕನ್ ಟರ್ಬೊ ಹುಳುವನ್ನು ನಮ್ಮ ಬೇಸಿಗೆಗೆ ತರುವುದು ವ್ಯರ್ಥ.

ಹೊಸ ಹುಳುಗಳನ್ನು ಯಾವಾಗ ತರಬೇಕೆಂದು ತಿಳಿಯಲು ಮುಂದಿನ ಗಾಜನ್ನು ಒರೆಸಿ ನೋಡಿ. ಎರಡು ಮೂರು ದಿನಗಳಲ್ಲಿ ಹಸಿರು ಪೊರೆ ಮತ್ತೆ ಕಟ್ಟಿದರೆ ಮೇವಿದೆ, ನೂರು ಲೀಟರಿಗೆ ನಾಲ್ಕೈದು ಟ್ರೋಕಸ್ ತರಬಹುದು. ವಾರವಾದರೂ ಗಾಜು ತಿಳಿಯಾಗಿಯೇ ಇದ್ದರೆ ಇನ್ನೂ ಕಾಯಿರಿ, ತಂದದ್ದು ಹಸಿವಿನಿಂದಲೇ ಸಾಯುತ್ತದೆ.