ಸೀಸದ ಗುಂಡು ಎಷ್ಟು ಗಟ್ಟಿ ಇರಬೇಕು?

ಅಮೆರಿಕದ ಬೇಟೆಗಾರರಲ್ಲಿ ಒಂದು ಹಟಮಾರಿ ಗುಂಪಿದೆ. ತಾಮ್ರದ ಕವಚ ಹೊದ್ದ ಹೊಸ ಗುಂಡುಗಳು ಅಂಗಡಿಯಲ್ಲಿ ಸಿಗುತ್ತವೆ. ಆದರೂ ಇವರು ಮನೆಯ ಶೆಡ್ಡಿನಲ್ಲಿ ಸೀಸ ಕರಗಿಸಿ, ಅಚ್ಚಿಗೆ ಹೊಯ್ದು, ತಮ್ಮ ಗುಂಡನ್ನು ತಾವೇ ಎರಕ ಮಾಡಿಕೊಳ್ಳುತ್ತಾರೆ. ಒಮ್ಮೆ ಹಾರಿಸಿದ ಹಿತ್ತಾಳೆ ಕೇಸಿಗೆ ಹೊಸ ಕೇಪು (ಬುಡದಲ್ಲಿ ಕೂತು, ಪೆಟ್ಟು ಬಿದ್ದರೆ ಮದ್ದಿಗೆ ಕಿಡಿ ಹಚ್ಚುವ ಪುಟ್ಟ ಬಟ್ಟಲು), ಅಳೆದ ಮದ್ದು, ಮೇಲೊಂದು ಗುಂಡು, ಅಲ್ಲಿಗೆ ತೋಟಾ ರೆಡಿ. ಇದನ್ನು ಹ್ಯಾಂಡ್‌ಲೋಡಿಂಗ್ ಅಂತಾರೆ. ಅಲ್ಲಿ ಇದು ಕಾನೂನು ಒಪ್ಪಿದ ಹವ್ಯಾಸ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಬೇಟೆಯ ಮಾತೇ ಬೇರೆ, ಹಾಗಾಗಿ ನಮಗೆ ಇದರಲ್ಲಿ ದಕ್ಕುವುದು ವಿಜ್ಞಾನ ಮಾತ್ರ. ಅದೇನೂ ಕಮ್ಮಿ ಇಲ್ಲ.

ಈ ಗುಂಪಿಗೆ ಅಚ್ಚುಮೆಚ್ಚಿನದು ದೊಡ್ಡ ಬಾಯಿಯ ಲಿವರ್ ಆಕ್ಷನ್ ಕೋವಿ. ಕೌಬಾಯ್ ಸಿನಿಮಾಗಳಲ್ಲಿ ನೋಡಿರುತ್ತೀರಿ, ಟ್ರಿಗರ್ ಸುತ್ತ ಇರುವ ಹಿಡಿಯನ್ನು ಕೆಳಕ್ಕೆ ತಳ್ಳಿ ಮತ್ತೆ ಮೇಲಕ್ಕೆ ಎಳೆದರೆ ಖಾಲಿ ಕೇಸು ಆಚೆ ಹಾರಿ ಹೊಸ ತೋಟಾ ಒಳಗೆ ಕೂರುತ್ತದೆ. ಇದರಲ್ಲಿ ಹೆಸರಾದ ತೋಟಾ 45-70. ಅಮೆರಿಕದ ಸೇನೆ ಇದನ್ನು ಒಪ್ಪಿಕೊಂಡಿದ್ದು 1873ರಲ್ಲಿ. ನಳಿಗೆಯ ಬಾಯಿ 0.45 ಇಂಚು ಅಗಲ, ಕಪ್ಪು ಮದ್ದು 70 ಗ್ರೇನ್, ಅಂದರೆ ಸುಮಾರು ನಾಲ್ಕೂವರೆ ಗ್ರಾಂ. ಗುಂಡು 405 ಗ್ರೇನ್, ಅಂದರೆ 26 ಗ್ರಾಂ. ಇದು ಸೆಕೆಂಡಿಗೆ ಸುಮಾರು 400 ಮೀಟರ್ ವೇಗದಲ್ಲಿ ಹೊರಡುತ್ತದೆ. ಇವತ್ತಿನ ರೈಫಲ್‌ಗಳ ಮುಂದೆ ಇದು ನಿಧಾನವೇ. 200 ಗಜ ಹೋಗುವಷ್ಟರಲ್ಲಿ ನಾಲ್ಕು ಅಡಿಗೂ ಜಾಸ್ತಿ ಕೆಳಗಿಳಿದಿರುತ್ತದೆ. ಆದರೆ ಹತ್ತಿರದ ಪೊದೆಗಾಡಿನಲ್ಲಿ ಜಿಂಕೆಗೋ ಕರಡಿಗೋ ಇಷ್ಟು ತೂಕ ಧಾರಾಳ ಸಾಕು.

ಈ ಕೋವಿಗಳಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೆ ಒಂದು ಸಾಲಾಗಿ ಕೂರುತ್ತವೆ. ಹಿಂದಿನ ಗುಂಡಿನ ಮೂತಿ ಮುಂದಿನ ತೋಟಾದ ಕೇಪಿಗೇ ತಾಗಿಕೊಂಡಿರುತ್ತದೆ. ಮೂತಿ ಚೂಪಾಗಿದ್ದರೆ ಗುಂಡು ಹಾರಿಸಿದ ಒದೆತಕ್ಕೆ ಕೊಳವೆಯೊಳಗೇ ಇನ್ನೊಂದು ಸಿಡಿಯಬಹುದು. ಅದಕ್ಕೇ ಇಲ್ಲಿನ ಸೀಸದ ಗುಂಡುಗಳಿಗೆಲ್ಲ ಚಪ್ಪಟೆ ಮೂತಿ.

ಈಗ ಅಸಲು ವಿಷಯ. ಶುದ್ಧ ಸೀಸ ತುಂಬಾ ಮೆದು, ಉಗುರಿನಲ್ಲಿ ಗೀರಬಹುದು. ಲೋಹದ ಗಟ್ಟಿತನ ಅಳೆಯುವ ಬ್ರಿನೆಲ್ ಮಾಪನದಲ್ಲಿ ಅದಕ್ಕೆ ಸಿಗುವುದು ಬರೀ 5. ಅದಕ್ಕೆ ತವರ, ಆಂಟಿಮನಿ ಬೆರೆಸುತ್ತಾರೆ. ತವರ ಮುಖ್ಯವಾಗಿ ಕರಗಿದ ಲೋಹ ಅಚ್ಚಿನ ಮೂಲೆಮೂಲೆಗೂ ಹರಿಯುವಂತೆ ಮಾಡುತ್ತದೆ, ಗಟ್ಟಿತನ ಬರುವುದು ಹೆಚ್ಚಾಗಿ ಆಂಟಿಮನಿಯಿಂದ. 90 ಪಾಲು ಸೀಸ, ತಲಾ 5 ಪಾಲು ತವರ ಮತ್ತು ಆಂಟಿಮನಿ ಸೇರಿಸಿದರೆ ಬ್ರಿನೆಲ್ ಸುಮಾರು 15. ಹಿಂದೆ ಪತ್ರಿಕೆಗಳ ಮೊಳೆ ಜೋಡಿಸುತ್ತಿದ್ದ ಲೈನೋಟೈಪ್ ಯಂತ್ರದ ಲೋಹ ಸುಮಾರು 22. ಪ್ರೆಸ್ಸುಗಳು ಆಫ್‌ಸೆಟ್‌ಗೆ ಹೋದಾಗ ಆ ಲೋಹದಲ್ಲಿ ಎಷ್ಟೋ ಪಾಲು ಇಂಥ ಶೆಡ್ಡುಗಳಿಗೆ ಬಂತು.

ಹಾಗಾದರೆ ಗಟ್ಟಿ ಮಾಡಿದಷ್ಟೂ ಒಳ್ಳೇದು ಅಲ್ವಾ? ಹೊಸಬರೆಲ್ಲ ಅಂದುಕೊಳ್ಳುವುದೇ ಹಾಗೆ. ನಳಿಗೆಯೊಳಗೆ ಸೀಸ ಮೆತ್ತಿಕೊಂಡ ತಕ್ಷಣ 'ಗುಂಡು ಮೆದುವಾಯ್ತು' ಅಂತ ಇನ್ನಷ್ಟು ಆಂಟಿಮನಿ ಸುರಿಯುತ್ತಾರೆ. ಸೀಸ ಇನ್ನೂ ಜಾಸ್ತಿ ಮೆತ್ತುತ್ತದೆ!

ಕಾರಣ ಬಹಳ ಸಲ ಗಟ್ಟಿತನವಲ್ಲ, ಅಳತೆ. ನಳಿಗೆಯ ಗೋಡೆಗೂ ಗುಂಡಿಗೂ ಮಧ್ಯೆ ಕೂದಲೆಳೆಯಷ್ಟು ಸಂದು ಉಳಿದರೂ, ಸೀಸ ಕರಗುವ 327 ಡಿಗ್ರಿಗಿಂತ ಎಷ್ಟೋ ಪಟ್ಟು ಬಿಸಿಯಾದ ಅನಿಲ ಆ ಸಂದಿನಲ್ಲಿ ನುಗ್ಗಿ ಗುಂಡಿನ ಅಂಚನ್ನು ಕೊರೆದು ನಳಿಗೆಗೆ ಬಳಿಯುತ್ತದೆ. ಮೆದು ಗುಂಡಾದರೆ ಹಿಂದಿನ ಒತ್ತಡಕ್ಕೆ ಬುಡ ಉಬ್ಬಿ ಸಂದು ಮುಚ್ಚಿಕೊಳ್ಳಬಹುದು, ಅತಿ ಗಟ್ಟಿ ಗುಂಡು ಉಬ್ಬುವುದೇ ಇಲ್ಲ. ಬ್ರಿನೆಲ್ ಅಂಕಿಯನ್ನು 1422ರಿಂದ ಗುಣಿಸಿದರೆ ಗುಂಡು ಉಬ್ಬಲು ಎಷ್ಟು ಪಿಎಸ್ಐ ಒತ್ತಡ ಬೇಕು ಅಂತ ಗೊತ್ತಾಗುತ್ತದೆ ಅನ್ನುವುದು ಈ ಹವ್ಯಾಸಿಗಳ ಹಳೇ ಸೂತ್ರ. 1422ರಲ್ಲಿ ಯಾವ ಗುಟ್ಟೂ ಇಲ್ಲ. ಚದರ ಮಿಲಿಮೀಟರಿಗೆ ಇಷ್ಟು ಕಿಲೋ ಅನ್ನುವುದನ್ನು ಚದರ ಇಂಚಿಗೆ ಇಷ್ಟು ಪೌಂಡ್ ಅಂತ ಬದಲಿಸುವ ಲೆಕ್ಕ, ಅಷ್ಟೇ. ಲೋಹಶಾಸ್ತ್ರದ ಪ್ರಕಾರ ಸಾಮಾನ್ಯ ಲೋಹಗಳು ಬಗ್ಗಲು ಶುರುವಾಗುವುದು ಗಟ್ಟಿತನದ ಅಂಕಿಯ ಸುಮಾರು ಮೂರನೇ ಒಂದರಲ್ಲೇ. ಹಾಗಾಗಿ ನನ್ನ ಪ್ರಕಾರ ಈ ಸೂತ್ರವನ್ನು ಅಂದಾಜಿಗೆ ಇಟ್ಟುಕೊಳ್ಳಬೇಕೇ ಹೊರತು ನಂಬಿ ಕೂರಬಾರದು.

ಅನುಭವಸ್ಥರು ಮೊದಲು ಮಾಡುವ ಕೆಲಸವೇ ಬೇರೆ. ಮೆದು ಸೀಸದ ಒಂದು ತುಂಡನ್ನು ಖಾಲಿ ನಳಿಗೆಯಲ್ಲಿ ಕೋಲಿನಿಂದ ತಳ್ಳಿ ಆಚೆ ತೆಗೆಯುತ್ತಾರೆ. ಗುಂಡನ್ನು ಬುಗುರಿಯಂತೆ ತಿರುಗಿಸಲು ನಳಿಗೆಯೊಳಗೆ ಕೊರೆದ ಸುರುಳಿ ಗೀರುಗಳೆಲ್ಲ ಅದರ ಮೇಲೆ ಮೂಡಿರುತ್ತವೆ. ಅದನ್ನು ಮೈಕ್ರೋಮೀಟರಿನಲ್ಲಿ ಅಳೆದು, ಗುಂಡನ್ನು ಅದಕ್ಕಿಂತ ಇಂಚಿನ ಸಾವಿರದ ಒಂದೆರಡು ಪಾಲು ದಪ್ಪ ಇಡುತ್ತಾರೆ. 1972ರಲ್ಲಿ ಮತ್ತೆ ಬಂದ, ಮಾರ್ಲಿನ್ ಕಂಪನಿಯ 1895 ಅನ್ನುವ ಮಾದರಿಯ ಲಿವರ್ ಕೋವಿಯ ಗೀರುಗಳಿಗೆ ಆಳ ಕಮ್ಮಿ, ಅದರಲ್ಲಿ ಸೀಸದ ಗುಂಡು ನಡೆಯುವುದೇ ಇಲ್ಲ ಅಂತ ಜನ ತುಂಬಾ ದಿನ ಹೇಳಿಕೊಂಡು ಬಂದರು. ಸ್ವಲ್ಪ ದಪ್ಪ ಗುಂಡು ಹಾಕಿದವರಿಗೆ ಅದು ಚೆನ್ನಾಗೇ ಹೊಡೆಯಿತು.

ಎರಕದ ಕೆಲಸ ಹತ್ತಿರದಿಂದ ನೋಡಲು ಚಂದ. ಅಚ್ಚಿನ ಮೇಲೆ ಒಂದು ಸಣ್ಣ ತಟ್ಟೆ, ಅದರ ತೂತಿನಲ್ಲಿ ಲೋಹ ಹೊಯ್ದಾಗ ಮೇಲೆ ಒಂದಿಷ್ಟು ಮಡುಗಟ್ಟಿ ನಿಲ್ಲುತ್ತದೆ. ಅದು ಸುಮ್ನೆ ಚೆಲ್ಲಿದ್ದಲ್ಲ. ಸೀಸ ಆರುವಾಗ ಕುಗ್ಗುತ್ತದೆ, ಆಗ ಒಳಗಿನ ಗುಂಡು ಈ ಮಡುವಿನಿಂದಲೇ ಲೋಹ ಎಳೆದುಕೊಳ್ಳುತ್ತದೆ. ಕನ್ನಡಿಯಂತೆ ಹೊಳೆಯುತ್ತಿದ್ದ ಮೇಲ್ಮೈ ಇದ್ದಕ್ಕಿದ್ದಂತೆ ಮಂಕಾದರೆ ಒಳಗೂ ಗಟ್ಟಿಯಾಗುತ್ತಿದೆ ಅಂತ ಲೆಕ್ಕ. ಅಚ್ಚು ತಣ್ಣಗಿದ್ದರೆ ಗುಂಡಿನ ಮೈ ಸುಕ್ಕು, ಜಾಸ್ತಿ ಬಿಸಿಯಾದರೆ ಮಂಜು ಹಿಡಿದಂತೆ ಬಿಳುಪು. ಕರಗಿದ ಸೀಸದೊಳಗೆ ಒಂದು ಹನಿ ನೀರು ಸೇರಿದರೆ ಮಾತ್ರ ಕಥೆ ಮುಗೀತು. ಅದು ಕ್ಷಣದಲ್ಲಿ ಸಾವಿರಕ್ಕೂ ಹೆಚ್ಚು ಪಟ್ಟು ಹಿಗ್ಗಿ ಆವಿಯಾಗಿ ಇಡೀ ಪಾತ್ರೆಯ ಲೋಹವನ್ನು ಮೇಲಕ್ಕೆ ಎರಚುತ್ತದೆ. ಹೊಗೆಗಿಂತ ಹೆಚ್ಚು ಹೆದರಬೇಕಾದ್ದು ಮೇಲೆ ಕಟ್ಟುವ ಕೆನೆಯ ಪುಡಿಗೆ. ಕೈ ತೊಳೆಯದೆ ತಿಂಡಿ ಮುಟ್ಟಿದರೆ ಸೀಸ ನೇರ ಹೊಟ್ಟೆಗೆ.

45-70ರಲ್ಲಿ ಇನ್ನೊಂದು ಅಪಾಯ ಇದೆ. 1873ರ ಕೋವಿಗೂ ಇವತ್ತಿನ ಕೋವಿಗೂ ಹೊರಗಿನಿಂದ ತೋಟಾ ಒಂದೇ. ಅಮೆರಿಕದ ಕಾರ್ಖಾನೆ ತೋಟಾಗಳಿಗೆ ಇದರ ಮಿತಿ 28,000 ಪಿಎಸ್ಐ, ಅದೂ ಹಳೇ ಕೋವಿಗಳನ್ನು ನೆನಪಿಟ್ಟುಕೊಂಡೇ. ಹೊಸ ಲಿವರ್ ಕೋವಿಗಳು ಇದಕ್ಕಿಂತ ಬಹಳ ಜಾಸ್ತಿ ತಡೆಯುತ್ತವೆ ಅಂತ ಮನೆಯಲ್ಲಿ ಅದಕ್ಕೆ ತಕ್ಕ ತೋಟಾ ಮಾಡಿ, ಅದು ಅಪ್ಪಿತಪ್ಪಿ ಅಜ್ಜನ ಕಾಲದ ಕೋವಿಗೆ ಹೋದರೆ ಕೋವಿಯೇ ಒಡೆಯಬಹುದು. ಡಬ್ಬಿಯ ಮೇಲೆ ಚೀಟಿ ಅಂಟಿಸದವರನ್ನು ಕಂಡರೆ ನನಗಂತೂ ಸಿಟ್ಟು ಬರುತ್ತದೆ.

ಸೀಸದ ಬೇಟೆಗುಂಡಿಗೆ ಈಗ ಕಾನೂನಿನ ತಡೆಯೂ ಬಂದಿದೆ. ಕ್ಯಾಲಿಫೋರ್ನಿಯಾ ಕಾಂಡೋರ್ ಅನ್ನುವ ದೊಡ್ಡ ರಣಹದ್ದುಗಳು 1987ರಲ್ಲಿ ಭೂಮಿಯ ಮೇಲೆ ಉಳಿದಿದ್ದು 27 ಮಾತ್ರ, ಅವನ್ನೂ ಹಿಡಿದು ಸಾಕಿ ಸಂತತಿ ಬೆಳೆಸಿ ಮತ್ತೆ ಕಾಡಿಗೆ ಬಿಟ್ಟರು. ಬೇಟೆಗಾರರು ಬಿಟ್ಟುಹೋದ ಕರುಳು, ಮಾಂಸದಲ್ಲಿನ ಸೀಸದ ಚೂರು ತಿಂದು ಅವು ಸಾಯುತ್ತಿದ್ದವು. 2019ರ ಜುಲೈ 1ರಿಂದ ಆ ರಾಜ್ಯದಲ್ಲಿ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷಿದ್ಧ. ವೇಗ ಕಮ್ಮಿ ಇರುವ ಗಟ್ಟಿ ಎರಕದ ಗುಂಡು ಅಷ್ಟಾಗಿ ಚೂರಾಗುವುದಿಲ್ಲ ಅಂತ ಹವ್ಯಾಸಿಗಳು ವಾದಿಸುತ್ತಾರೆ. ಅದರಲ್ಲಿ ಹುರುಳಿದೆ. ಆದರೆ ಪ್ರಾಣಿಯೊಳಗೇ ಉಳಿದ ಇಡೀ ಗುಂಡೂ ಹದ್ದಿಗೆ ವಿಷವೇ. ಬದಲಿಗೆ ಪೂರ್ತಿ ತಾಮ್ರದ ಗುಂಡು ಹಾಕೋಣ ಅಂದರೆ, ಸೀಸದ ಸಾಂದ್ರತೆ 11.3, ತಾಮ್ರದ್ದು 9ಕ್ಕಿಂತ ಕೊಂಚ ಕಮ್ಮಿ. ಅದೇ ತೂಕ ಬೇಕಾದರೆ ಗುಂಡು ಕಾಲು ಭಾಗಕ್ಕೂ ಮಿಕ್ಕಿ ಉದ್ದವಾಗಬೇಕು. ಕೋವಿಯ ಯಂತ್ರದೊಳಗೆ ಹಾಯಬೇಕಾದ ತೋಟಾದ ಉದ್ದಕ್ಕೆ ಮಿತಿ ಇರುವುದರಿಂದ, ಆ ಹೆಚ್ಚುವರಿ ಉದ್ದ ಕೇಸಿನೊಳಗೆ ಇಳಿದು ಮದ್ದಿನ ಜಾಗ ತಿನ್ನುತ್ತದೆ. ಅದಕ್ಕೇ ಈ ಕೋವಿಗೆ ಬರುವ ತಾಮ್ರದ ಗುಂಡುಗಳು ಸಾಮಾನ್ಯವಾಗಿ 405 ಗ್ರೇನಿಗಿಂತ ಹಗುರ.