ಗೋಧಿ ಹೊಲದ ಕೆಳಗೊಂದು ಊಟದ ಮನೆ

2020ರ ಲಾಕ್‌ಡೌನ್ ದಿನಗಳು. ಇಂಗ್ಲೆಂಡಿನ ನಡುಭಾಗದಲ್ಲಿ ರಟ್ಲೆಂಡ್ ಎಂಬ ಪುಟ್ಟ ಕೌಂಟಿ ಇದೆ. ಅಲ್ಲಿನ ಕೆಟನ್ ಹಳ್ಳಿಯ ಹತ್ತಿರ ಒಂದು ರೈತ ಕುಟುಂಬ ತಮ್ಮದೇ ಹೊಲದಲ್ಲಿ ಸುತ್ತಾಡಲು ಹೊರಟಿತ್ತು. ಗೋಧಿ ಪೈರಿನ ನಡುವೆ ಮಡಕೆಯ ಚೂರುಗಳು ಕಣ್ಣಿಗೆ ಬಿದ್ದವು. ಅವು ಎಲ್ಲೂ ನೋಡಿದ ತರಹದವಲ್ಲ. ಆ ಮನೆಯ ಮಗ ವಾಪಸ್ ಬಂದು ಕಂಪ್ಯೂಟರಿನಲ್ಲಿ ತಮ್ಮ ಹೊಲದ ಉಪಗ್ರಹ ಚಿತ್ರ ತೆರೆದು ನೋಡಿದರು. ಹೊಲದ ತುಂಬ ಗೆರೆಗಳು. ಪರದೆಯ ಮೇಲೆ ಯಾರೋ ಸೀಮೆಸುಣ್ಣದಲ್ಲಿ ಎಳೆದ ಹಾಗಿತ್ತು ಅಂತ ಅವರು ಆಮೇಲೆ ಹೇಳಿದರು.

ವಿಷಯ ಪುರಾತತ್ವ ಇಲಾಖೆಯವರ ಕಿವಿಗೆ ಬಿತ್ತು. ಲೆಸ್ಟರ್ ವಿಶ್ವವಿದ್ಯಾಲಯದ ತಂಡ ಬಂದು ಅಗೆಯಿತು. ಸ್ವಲ್ಪ ಆಳದಲ್ಲೇ ಸಣ್ಣ ಸಣ್ಣ ಬಣ್ಣದ ಕಲ್ಲು ಜೋಡಿಸಿ ಮಾಡಿದ ನೆಲ ಸಿಕ್ಕಿತು. 11 ಮೀಟರ್ ಉದ್ದ, ಹತ್ತಿರ ಹತ್ತಿರ 7 ಮೀಟರ್ ಅಗಲ. ಅದು ಸುಮಾರು 1,700 ವರ್ಷ ಹಿಂದಿನ ರೋಮನ್ ಕಾಲದ ಒಂದು ದೊಡ್ಡ ಮನೆಯ ಊಟದ ಕೋಣೆ.

ಆ ನೆಲದ ಬಗ್ಗೆ ಹೇಳುತ್ತೇನೆ. ಅದಕ್ಕೂ ಮೊದಲು ಆ ಗೆರೆಗಳ ವಿಷಯ. ನನಗೆ ಈ ಕತೆಯಲ್ಲಿ ತುಂಬ ಇಷ್ಟವಾದದ್ದು ಅದೇ. ಮಣ್ಣಿನಡಿ ಏನಿದೆ ಅಂತ ಮೊದಲು ತೋರಿಸಿಕೊಟ್ಟದ್ದು ಪೈರು.

ಹಳೆಯ ಕಾಲದಲ್ಲಿ ಯಾರೋ ಒಂದು ಕಂದಕ ತೋಡಿದರು ಅಂದುಕೊಳ್ಳಿ. ಕಾಲ ಕಳೆದಂತೆ ಅದರೊಳಗೆ ಮೇಲ್ಮಣ್ಣು, ಕಸ, ಗೊಬ್ಬರ ಎಲ್ಲ ಸೇರಿ ಮುಚ್ಚಿಹೋಗುತ್ತದೆ. ಅಲ್ಲಿ ಮಣ್ಣು ಆಳ, ತೇವ ಜಾಸ್ತಿ. ಆದ್ದರಿಂದ ಅದರ ಮೇಲೆ ಬೆಳೆದ ಗೋಧಿ ಎತ್ತರವಾಗಿ, ಹೆಚ್ಚು ದಿನ ಹಸಿರಾಗಿ ನಿಲ್ಲುತ್ತದೆ. ಹೂತುಹೋದ ಗೋಡೆಯ ಮೇಲೆ ಇದು ತಿರುಗುಮುರುಗು. ಬೇರಿಗೆ ಕಲ್ಲು ತಗಲುತ್ತದೆ, ನೀರು ಸಿಗುವುದಿಲ್ಲ, ಪೈರು ಕುಳ್ಳಾಗಿ ಬೇಗ ಹಳದಿ ತಿರುಗುತ್ತದೆ. ಹೊಲದ ಬದುವಿನಲ್ಲಿ ನಿಂತರೆ ಇದು ಗೊತ್ತಾಗುವುದು ಕಷ್ಟ. ಮೇಲಿನಿಂದ ನೋಡಿದರೆ ಮನೆಯ ನಕ್ಷೆಯೇ ಬರೆದಿಟ್ಟಂತೆ ಕಾಣುತ್ತದೆ. ಮಳೆ ಕೈಕೊಟ್ಟ ವರ್ಷಗಳಲ್ಲಂತೂ ಇದು ಎದ್ದು ಕಾಣುತ್ತದೆ. 1976ರ ಮತ್ತು 2018ರ ಬೇಸಿಗೆಯಲ್ಲಿ ಬ್ರಿಟನ್ ಒಣಗಿದಾಗ, ವಿಮಾನದಲ್ಲಿ ಹೋದವರಿಗೆ ಯಾರೂ ಕಾಣದಿದ್ದ ಎಷ್ಟೋ ಹಳೆಯ ನೆಲೆಗಳು ಕಂಡವು. ರೈತನಿಗೆ ಬರ, ಪುರಾತತ್ವದವರಿಗೆ ಸುಗ್ಗಿ.

ಪೈರು ತೋರಿಸಿದ್ದನ್ನು ಯಂತ್ರಗಳಿಂದ ಖಚಿತ ಮಾಡಿಕೊಳ್ಳುತ್ತಾರೆ. ಬೆಂಕಿ ಉರಿದ ಜಾಗದ ಮಣ್ಣಿನಲ್ಲಿ ಕಾಂತಗುಣ ಜಾಸ್ತಿ ಇರುತ್ತದೆ. ಮೇಲ್ಮಣ್ಣು ತುಂಬಿದ ಕಂದಕದಲ್ಲೂ ಅಷ್ಟೆ. ಮ್ಯಾಗ್ನೆಟೋಮೀಟರ್ ಹಿಡಿದುಕೊಂಡು ಹೊಲದಲ್ಲಿ ಸಾಲು ಸಾಲಾಗಿ ನಡೆದರೆ ಸಾಕು, ಒಂದು ಗುದ್ದಲಿ ಪೆಟ್ಟೂ ಹಾಕದೆ ಒಲೆ, ಕಂದಕ, ಕಟ್ಟಡ ಎಲ್ಲಿವೆ ಅಂತ ತಿಳಿಯುತ್ತದೆ. ಕೆಟನ್‌ನಲ್ಲಿ ಹೀಗೆ ನೋಡಿದಾಗ ಅಲ್ಲಿ ಇದ್ದದ್ದು ಒಂದೇ ಮನೆ ಅಲ್ಲ ಅಂತ ಗೊತ್ತಾಯಿತು. ಕಂಬದ ಸಾಲಿದ್ದ ದೊಡ್ಡ ಕಣಜದಂಥ ಕಟ್ಟಡಗಳು, ದುಂಡನೆಯ ಕಟ್ಟಡಗಳು, ಸುತ್ತಲೂ ಎಲ್ಲೆ ಗುರುತಿಸುವ ಕಂದಕ. ಒಂದು ಇಡೀ ಬೇಸಾಯದ ವಠಾರ.

ಈಗ ಆ ನೆಲ. ಅದರ ಮೇಲೆ ಗ್ರೀಕರ ಟ್ರಾಯ್ ಯುದ್ಧದ ಕತೆ ಮೂರು ಚಿತ್ರಗಳಲ್ಲಿ ಇದೆ. ಮೊದಲನೆಯದರಲ್ಲಿ ಗ್ರೀಕರ ವೀರ ಅಕಿಲೀಸ್ ಮತ್ತು ಟ್ರಾಯ್‌ನ ರಾಜಕುಮಾರ ಹೆಕ್ಟರ್ ರಥದಲ್ಲಿ ಎದುರುಬದುರಾಗಿದ್ದಾರೆ. ಎರಡನೆಯದರಲ್ಲಿ ಸತ್ತ ಹೆಕ್ಟರ್‌ನನ್ನು ಅಕಿಲೀಸ್ ರಥಕ್ಕೆ ಕಟ್ಟಿ ಎಳೆಯುತ್ತಿದ್ದಾನೆ. ಮೂರನೆಯದರಲ್ಲಿ ಒಂದು ದೊಡ್ಡ ತಕ್ಕಡಿ. ಒಂದು ಕಡೆ ಹೆಕ್ಟರ್‌ನ ಹೆಣ, ಇನ್ನೊಂದು ಕಡೆ ಚಿನ್ನ. ಮುದಿ ತಂದೆ ಪ್ರಿಯಾಮ್ ಮಗನ ಹೆಣ ಬಿಡಿಸಿಕೊಳ್ಳಲು ಅದರ ತೂಕದ ಚಿನ್ನ ಕೊಡುತ್ತಿದ್ದಾನೆ. ಒಂದು ರೀತಿ ತುಲಾಭಾರ, ಆದರೆ ಎದೆ ಒಡೆಯುವಂಥ ತುಲಾಭಾರ. ಹೋಮರನ ಇಲಿಯಡ್ ಕಾವ್ಯದಲ್ಲಿ ಪ್ರಿಯಾಮ್ ಒತ್ತೆಹಣ ಕೊಡುತ್ತಾನೆ ನಿಜ, ಆದರೆ ಹೆಣವನ್ನು ತಕ್ಕಡಿಗೆ ಹಾಕಿ ತೂಗುವುದಿಲ್ಲ. ತೂಗುವ ಪ್ರಸಂಗ ಇದ್ದದ್ದು ಈಸ್ಕೈಲಸ್ ಎಂಬ ನಾಟಕಕಾರನ ಒಂದು ನಾಟಕದಲ್ಲಿ. ಆ ನಾಟಕ ಪೂರ್ತಿಯಾಗಿ ಉಳಿದಿಲ್ಲ. ರೋಮ್ ಸಾಮ್ರಾಜ್ಯದ ತುದಿಯಲ್ಲಿ, ಮಳೆ ಚಳಿಯ ಒಂದು ಹಳ್ಳಿಗಾಡಿನಲ್ಲಿ, ಆ ಕತೆಯ ಎಳೆ ಕಲ್ಲಿನಲ್ಲಿ ಉಳಿದಿದೆ. ಇದನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ.

ಆದರೆ ಈ ನೆಲದ ಮೇಲೆ ಕೂತು ಉಂಡವರು ಬೆರಳೆಣಿಕೆಯ ಜನ. ಉಣಿಸಿದವರು ಯಾರು?

ಬ್ರಿಟನ್‌ನಲ್ಲಿ ರೋಮನ್ ಆಳ್ವಿಕೆ ಕ್ರಿ.ಶ. 43ರಲ್ಲಿ ಶುರುವಾಗಿ ಸುಮಾರು 410ರವರೆಗೆ ಇತ್ತು. ಆ ಕಾಲದಲ್ಲಿ ಅಲ್ಲಿನ ಬಹುಪಾಲು ಜನ ಹಳ್ಳಿಯವರೇ. ನಮಗೆ ಮಾತ್ರ ಬಹಳ ವರ್ಷ ಕಂಡದ್ದು ಕೋಟೆ, ಪಟ್ಟಣ, ಶ್ರೀಮಂತರ ಬಂಗಲೆ. ಅಗೆಯುವವರು ಹುಡುಕಿಕೊಂಡು ಹೋಗುತ್ತಿದ್ದುದೇ ಅವನ್ನು. ಇದು ಬದಲಾಗಲು ಒಂದು ಸರ್ಕಾರಿ ನಿಯಮ ಕಾರಣ. 1990ರಿಂದ ಇಂಗ್ಲೆಂಡಿನಲ್ಲಿ ರಸ್ತೆಯೋ ಮನೆಯೋ ಕಟ್ಟುವ ಮೊದಲು ಆ ಜಾಗದಲ್ಲಿ ಪುರಾತತ್ವದ ಕೆಲಸ ಆಗಬೇಕು, ಅದರ ಖರ್ಚು ಕಟ್ಟುವವರದೇ ಅನ್ನುವ ಪದ್ಧತಿ ಬಂತು. ಆಗ ಎಲ್ಲಿ ಬೇಕೆಂದರೆ ಅಲ್ಲಿ ಅಗೆಯಬೇಕಾಯಿತು. ಎಲ್ಲಿ ಅಗೆದರೂ ಸಾಮಾನ್ಯ ರೈತರ ಮನೆಗಳೇ ಸಿಕ್ಕವು. ರೆಡಿಂಗ್ ವಿಶ್ವವಿದ್ಯಾಲಯದವರು ಮುಂದೆ ನಿಂತು ಇಂಥ 2,500ಕ್ಕೂ ಹೆಚ್ಚು ಅಗೆತಗಳ ವರದಿಗಳನ್ನು ಒಟ್ಟು ಸೇರಿಸಿದ್ದಾರೆ. ಅದರಲ್ಲಿ ಚಿತ್ತಾರದ ನೆಲದ ಬಂಗಲೆಗಳು ಸ್ವಲ್ಪ. ಉಳಿದದ್ದು ಮರ, ಮಣ್ಣು, ಹುಲ್ಲು ಚಾವಣಿಯ ಮನೆಗಳು. ರೋಮನ್ನರು ಬರುವ ಮೊದಲಿನಿಂದಲೂ ಕಟ್ಟುತ್ತಿದ್ದ ದುಂಡು ಮನೆಗಳನ್ನೇ ಎಷ್ಟೋ ಕಡೆ ಜನ ಮುಂದೆಯೂ ಕಟ್ಟಿಕೊಂಡು ಬಂದರು.

ಆ ಜನ ಏನು ತಿಂದರು ಅನ್ನುವುದು ಗೊತ್ತಾಗುವ ರೀತಿ ನೋಡಿ. ಮಣ್ಣಿನಲ್ಲಿ ಧಾನ್ಯ ಕೊಳೆತುಹೋಗುತ್ತದೆ. ಆದರೆ ಬೆಂಕಿಗೆ ಸಿಕ್ಕಿ ಕರಕಲಾದ ಕಾಳು ಕೊಳೆಯುವುದಿಲ್ಲ. ಅದು ಇದ್ದಿಲಾಗಿರುತ್ತದೆ, ಕ್ರಿಮಿಗಳಿಗೆ ಅದು ಬೇಡ. ಒಲೆಯ ಬೂದಿ, ಕಂದಕದ ಮಣ್ಣನ್ನು ಬಕೆಟ್ಟಿಗೆ ತುಂಬಿ ನೀರಿಗೆ ಹಾಕಿದರೆ ಕರಕಲು ಕಾಳು ತೇಲುತ್ತದೆ. ಸೋಸಿ, ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ನೋಡಿದರೆ ಯಾವ ಬೆಳೆ ಅಂತ ಹೇಳಬಹುದು.

ಹೆಚ್ಚಾಗಿ ಸಿಗುವುದು ಸ್ಪೆಲ್ಟ್ ಎಂಬ ಗೋಧಿ. ಇದರ ಹೊಟ್ಟು ಸುಲಭಕ್ಕೆ ಬಿಡುವುದಿಲ್ಲ. ಉತ್ತರ ಕರ್ನಾಟಕದವರಿಗೆ ಜವೆಗೋಧಿ ಗೊತ್ತಲ್ವಾ, ಸಜ್ಜಕ ಮಾಡುತ್ತಾರಲ್ಲ, ಅದೂ ಹೀಗೇ ಹೊಟ್ಟು ಕಚ್ಚಿಕೊಂಡಿರುವ ಗೋಧಿ. ಎರಡೂ ಹಳೆಯ ತಳಿಗಳು, ದಾಯಾದಿಗಳು. ಸ್ಪೆಲ್ಟ್ ಗೋಧಿಯನ್ನು ಸ್ವಲ್ಪ ಬಿಸಿ ಮಾಡಿದರೆ ಹೊಟ್ಟು ಗರಿಯಾಗಿ ಬಿಡಿಸುವುದು ಸಲೀಸು. ಅದಕ್ಕೇ ಅಂತ ಆ ಕಾಲದ ರೈತರು ನೆಲದಲ್ಲಿ ಒಲೆ ಕಟ್ಟಿಕೊಂಡಿದ್ದರು. ಮೇಲಿನಿಂದ ನೋಡಿದರೆ ಇಂಗ್ಲಿಷಿನ ಟಿ ಅಕ್ಷರದ ಹಾಗೆ. ಒಂದು ತುದಿಯಲ್ಲಿ ಬೆಂಕಿ, ಬಿಸಿ ಗಾಳಿ ಕಾಲುವೆಯಲ್ಲಿ ಹರಿದು ಮೇಲಿನ ಅಟ್ಟದ ಕಾಳಿಗೆ ತಾಗುತ್ತಿತ್ತು. ಉರಿಸಲು ಸೌದೆಯ ಜೊತೆ ಹಿಂದಿನ ಸಲದ ಹೊಟ್ಟು. ಬ್ರಿಟನ್‌ನಲ್ಲಿ ಇಂಥ ಒಲೆಗಳು ನೂರಾರು ಸಿಕ್ಕಿವೆ.

ಇಲ್ಲೊಂದು ಸ್ವಾರಸ್ಯ ಇದೆ. ಇವು ಕಾಳು ಒಣಗಿಸುವ ಒಲೆ ಅಂತಲೇ ಎಲ್ಲರೂ ನಂಬಿದ್ದರು. ದಕ್ಷಿಣ ಇಂಗ್ಲೆಂಡಿನ ಬಟ್ಸರ್‌ನಲ್ಲಿ ಪೀಟರ್ ರೆನಾಲ್ಡ್ಸ್ ಎಂಬ ಪುರಾತತ್ವಜ್ಞ ಹಳೆಯ ಕಾಲದ ಬೇಸಾಯವನ್ನು ಮಾಡಿಯೇ ನೋಡೋಣ ಅಂತ 1970ರ ದಶಕದಲ್ಲಿ ಒಂದು ಜಮೀನು ನಡೆಸುತ್ತಿದ್ದರು. ಅವರು ಅಂಥದೇ ಒಲೆ ಕಟ್ಟಿ ಉರಿಸಿದರು. ಹಸಿ ಕಾಳು ಒಣಗಿಸಲು ಅದು ಅಷ್ಟೇನೂ ಚೆನ್ನಾಗಿರಲಿಲ್ಲ. ಮೊಳಕೆ ಬಂದ ಕಾಳನ್ನು ಹದವಾಗಿ ಒಣಗಿಸಲು ಮಾತ್ರ ಬಹಳ ಚೆನ್ನಾಗಿತ್ತು. ಅಂದರೆ ಬಿಯರ್‌ಗೆ ಬೇಕಾದ ಮಾಲ್ಟ್. ಮನೆಯಲ್ಲಿ ರಾಗಿ ಮಾಲ್ಟ್ ಮಾಡುವವರಿಗೆ ಇದನ್ನು ವಿವರಿಸಬೇಕಿಲ್ಲ. ನೆನೆಸು, ಮೊಳಕೆ ಬರಿಸು, ಮೊಳಕೆ ಬೆಳೆದುಬಿಡುವ ಮೊದಲು ಬಿಸಿಗೆ ಒಣಗಿಸು. ಒಲೆಗಳಲ್ಲಿ ಸಿಕ್ಕ ಕರಕಲು ಕಾಳುಗಳನ್ನು ತಿರುಗಿಸಿ ನೋಡಿದಾಗ ಎಷ್ಟೋ ಕಾಳಿನ ಬೆನ್ನ ಮೇಲೆ ಒಂದು ಸಣ್ಣ ಗೀರು ಇತ್ತು. ಒಳಗಿನಿಂದ ಮೊಳಕೆ ಒತ್ತಿಕೊಂಡು ಬೆಳೆದ ಗುರುತು ಅದು. ಒಂದೇ ಒಲೆಯಲ್ಲಿ ಎರಡೂ ಕೆಲಸ ಆಗಿರಬಹುದು. ಒಂದು ಅಕ್ಕಿಕಾಳಿನಷ್ಟು ಇದ್ದಿಲ ಚೂರು ಒಂದು ಊರಿನ ಕುಡಿತದ ವಿಷಯ ಹೇಳುತ್ತದೆ ಅಂದರೆ ನನಗೆ ಇವತ್ತಿಗೂ ಬೆರಗು.

ಮೂಳೆಗಳೂ ಮಾತಾಡುತ್ತವೆ. ದನದ ಕಾಲಿನ ಮೂಳೆ ಅಗಲವಾಗಿ, ಅಂಚಿನಲ್ಲಿ ಹೊಸ ಮೂಳೆ ಬೆಳೆದಿದ್ದರೆ ಅದು ವರ್ಷಗಟ್ಟಲೆ ನೊಗ ಹೊತ್ತು ನೇಗಿಲು ಎಳೆದ ಎತ್ತು ಇರಬಹುದು. ಮಾಂಸಕ್ಕಾಗಿ ಸಾಕಿದ್ದು ಎಳೆಯದರಲ್ಲೇ ಕೊಲೆಯಾಗುತ್ತದೆ, ಹಲ್ಲು ನೋಡಿ ವಯಸ್ಸು ಹೇಳಬಹುದು.

ಎತ್ತಿನ ಮಾತು ಬಂತು. ಆ ರೈತರಲ್ಲಿ ಒಬ್ಬನ ದನಿಯೇ ನಮಗೆ ಸಿಕ್ಕಿದೆ. ಗ್ಲಾಸ್ಟರ್‌ಶೈರ್‌ನ ಯೂಲಿ ಎಂಬಲ್ಲಿ ಬೆಟ್ಟದ ಮೇಲೆ ಮರ್ಕ್ಯುರಿ ದೇವರ ಗುಡಿ ಇತ್ತು. 1977ರಿಂದ 1979ರವರೆಗೆ ಅಲ್ಲಿ ಅಗೆದಾಗ ಸೀಸದ ತೆಳು ತಗಡುಗಳು ಸಿಕ್ಕವು, ಒಟ್ಟು 140ರ ಆಸುಪಾಸು. ಹಲವನ್ನು ಸುರುಳಿ ಸುತ್ತಿಟ್ಟಿದ್ದರು. ಬಿಡಿಸಿದರೆ ಒಳಗೆ ಲ್ಯಾಟಿನ್ ಅಕ್ಷರ. ದೇವರಿಗೆ ಕೊಟ್ಟ ದೂರುಗಳು ಅವು. ಕೆನಾಕಸ್ ಎಂಬುವನು ಹೇಳಿಕೊಳ್ಳುತ್ತಾನೆ: ತನ್ನ ಗೇಯುವ ಪ್ರಾಣಿಯನ್ನು ಕದ್ದಿದ್ದಾರೆ, ಕದ್ದವರು ವೈಟಲಿನಸ್ ಮತ್ತು ಅವನ ಮಗ ನೇಟಲಿನಸ್, ಅದನ್ನು ತಂದು ಒಪ್ಪಿಸುವವರೆಗೂ ಅವರ ಮೈಗೆ ಆರೋಗ್ಯ ಕೊಡಬೇಡ. ದೇವರಿಗೂ ಅವರು ಸಲ್ಲಿಸಬೇಕಾದದ್ದು ಸಲ್ಲಿಸಲಿ ಅಂತ ಸೇರಿಸಿದ್ದಾನೆ. ಪೊಲೀಸರಿಲ್ಲ, ಸಾಕ್ಷಿ ಇಲ್ಲ. ಉಳುವ ಕಾಲಕ್ಕೆ ಪ್ರಾಣಿ ಇಲ್ಲದ ರೈತ ಏನು ಮಾಡಬೇಕು? ದೇವರ ಮೇಲೆ ಹಾಕಿದ. ಟ್ರಾಯ್ ಯುದ್ಧದ ಚಿತ್ರ ಎಷ್ಟು ಚೆಂದವಿದ್ದರೂ ಈ ಸೀಸದ ತಗಡು ನನಗೆ ಅದಕ್ಕಿಂತ ಹತ್ತಿರ.

ಈ ದೂರದ ಹಳ್ಳಿಗಾಡಿಗೂ ನಮ್ಮ ಕಡೆಗೂ ಒಂದು ಎಳೆ ಇತ್ತು. 1992ರಲ್ಲಿ ಸಫೋಕ್‌ನ ಹಾಕ್ಸ್‌ನ್ ಹಳ್ಳಿಯ ಹೊಲದಲ್ಲಿ ರೈತರೊಬ್ಬರು ಕಳೆದುಕೊಂಡ ಸುತ್ತಿಗೆ ಹುಡುಕಲು ಹೋದವರಿಗೆ ರೋಮನ್ ಕಾಲದ ನಿಧಿಯೇ ಸಿಕ್ಕಿತು. ಅದರಲ್ಲಿ 14,865 ನಾಣ್ಯ, ಜೊತೆಗೆ ಬೆಳ್ಳಿಯ ಮೆಣಸಿನ ಡಬ್ಬಿಗಳು ನಾಲ್ಕು. ಕರಿಮೆಣಸು ಬರುತ್ತಿದ್ದುದು ಪಶ್ಚಿಮ ಘಟ್ಟದಿಂದ, ಮಲಬಾರಿನ ರೇವುಗಳ ಮೂಲಕ. ಬದಲಿಗೆ ಬಂದ ರೋಮನ್ ನಾಣ್ಯಗಳು ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿವೆ. 1947ರಲ್ಲಿ ಚಂದ್ರವಳ್ಳಿ ಮತ್ತು ಬ್ರಹ್ಮಗಿರಿಯನ್ನು ಅಗೆಸಿದ ಮಾರ್ಟಿಮರ್ ವೀಲರ್ ಅದಕ್ಕೆ ಸುಮಾರು 20 ವರ್ಷ ಮೊದಲು ಗ್ಲಾಸ್ಟರ್‌ಶೈರ್‌ನ ಲಿಡ್ನಿಯಲ್ಲಿ, ಇಂಥದೇ ಒಂದು ಹಳ್ಳಿಗಾಡಿನ ರೋಮನ್ ಗುಡಿಯನ್ನು ಅಗೆದಿದ್ದರು.

ಇದೆಲ್ಲ ಮುಗಿದದ್ದು ಹೇಗೆ? 410ರ ಹೊತ್ತಿಗೆ ರೋಮ್ ಕೈಬಿಟ್ಟಿತು, ಪಟ್ಟಣ ಪಾಳುಬಿತ್ತು, ಬಂಗಲೆ ಹಾಳಾಯಿತು ಅನ್ನುವುದು ಹಳೆಯ ಕತೆ. ಅದರಲ್ಲಿ ಒಂದು ತೊಂದರೆ ಇದೆ. ಪುರಾತತ್ವದವರು ಕಾಲ ಗೊತ್ತುಮಾಡುತ್ತಿದ್ದುದು ಹೆಚ್ಚಾಗಿ ನಾಣ್ಯ ಮತ್ತು ಮಡಕೆ ನೋಡಿ. 5ನೇ ಶತಮಾನದ ಶುರುವಿನಲ್ಲಿ ಹೊಸ ನಾಣ್ಯ ಬರುವುದು ನಿಂತಿತು, ದೊಡ್ಡ ಮಡಕೆ ಗೂಡುಗಳೂ ಆರಿದವು. ಜನ ಅಲ್ಲೇ ಇದ್ದರೂ ನಮ್ಮ ಕಣ್ಣಿಗೆ ಮರೆಯಾಗಿಬಿಟ್ಟರು.

ಗ್ಲಾಸ್ಟರ್‌ಶೈರ್‌ನ ಚೆಡ್‌ವರ್ತ್ ಬಂಗಲೆ 1864ರಲ್ಲೇ ಬೆಳಕಿಗೆ ಬಂದದ್ದು. ಅಲ್ಲಿ ಇತ್ತೀಚೆಗೆ ಒಂದು ಗೋಡೆಯ ಬುನಾದಿಯ ಗುಂಡಿಯಲ್ಲಿ ಸಿಕ್ಕ ಇದ್ದಿಲು ಮತ್ತು ಮೂಳೆಯನ್ನು ಅವುಗಳ ವಯಸ್ಸು ತಿಳಿಯಲು ರೇಡಿಯೊ ಕಾರ್ಬನ್ ಪರೀಕ್ಷೆಗೆ ಕಳಿಸಿದರು. ಉತ್ತರ ಬಂದದ್ದು ಕ್ರಿ.ಶ. 424 ಅಥವಾ ಅದರ ನಂತರ. ಆ ಗೋಡೆಗೆ ಹೊಂದುವಂತೆ ಕಲ್ಲು ಹಾಸಿದ ಚಿತ್ತಾರದ ನೆಲ ಅದಕ್ಕಿಂತ ಹಳೆಯದಾಗಿರಲು ಸಾಧ್ಯವೇ ಇಲ್ಲ. ಅಂದರೆ ರೋಮನ್ ಆಳ್ವಿಕೆ ಮುಗಿದ ಮೇಲೂ ಯಾರೋ ಮನೆಗೆ ಹೊಸ ಗೋಡೆ ಎಬ್ಬಿಸಿ, ಹೊಸ ನೆಲ ಹಾಸಿಸಿಕೊಂಡಿದ್ದರು. ಕೆಲಸ ಹಳೆಯದರಷ್ಟು ನಾಜೂಕಾಗಿಲ್ಲ, ಅಲ್ಲಲ್ಲಿ ತಪ್ಪಿದೆ. ಆದರೂ ಅಂಥ ಕೆಲಸ ಬಲ್ಲವರು ಇನ್ನೂ ಇದ್ದರು. 2020ರ ಕೊನೆಯಲ್ಲಿ ಇದು ಪ್ರಕಟವಾದಾಗ ಪಂಡಿತರೇ ಬೆರಗಾದರು.

ಕೆಟನ್‌ನ ಕತೆ ಬೇರೆ. ಅಲ್ಲಿ ಟ್ರಾಯ್ ಯುದ್ಧದ ನೆಲದ ಮೇಲೆ ಬೆಂಕಿಯ ಸುಟ್ಟ ಕಲೆಗಳಿವೆ. ಅಲ್ಲಲ್ಲಿ ಕಲ್ಲು ಕಿತ್ತಿದೆ. ಊಟದ ಕೋಣೆ ಊಟದ ಕೋಣೆಯಾಗಿ ಉಳಿಯದ ಮೇಲೂ ಯಾರೋ ಆ ಸೂರಿನಡಿ ಬೇರೆ ಕೆಲಸ ನಡೆಸಿದ್ದಾರೆ. ಆಮೇಲೆ ಕಟ್ಟಡ ಬಿತ್ತು. ಬಿದ್ದ ಕಲ್ಲುಮಣ್ಣಿನಲ್ಲಿ ಮನುಷ್ಯರ ಅಸ್ಥಿಗಳೂ ಸಿಕ್ಕಿವೆ, ಮನೆ ಹಾಳಾದ ಮೇಲೆ ಅಲ್ಲಿ ಹೂತವರದು. ಆ ಬೆಂಕಿ ಹಚ್ಚಿದವರಿಗೆ ಕಾಲಡಿಯ ಅಕಿಲೀಸ್ ಯಾರು ಅಂತ ಗೊತ್ತಿತ್ತೋ ಏನೋ. ಚಳಿಗೆ ಬೆಂಕಿ ಬೇಕಿತ್ತು, ಗಟ್ಟಿ ನೆಲ ಸಿಕ್ಕಿತು. ಅವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ.

ಆ ನೆಲವನ್ನು ಈಗ ಮತ್ತೆ ಮಣ್ಣು ಮುಚ್ಚಿ ಕಾಪಾಡಿದ್ದಾರೆ. ಬಿಸಿಲು, ಮಳೆ, ಹಿಮಕ್ಕಿಂತ ಮಣ್ಣೇ ಅದಕ್ಕೆ ಒಳ್ಳೆಯ ಹೊದಿಕೆ. ನೇಗಿಲು ತಗಲಿದರೆ ಕಲ್ಲು ಎದ್ದುಬರುತ್ತದೆ. ಹಾಗಾಗಿ ಅಲ್ಲಿ ಉಳುಮೆ ಬಿಟ್ಟು, ಜೇನುಹುಳ ಚಿಟ್ಟೆಗಳಿಗೆ ಆಗುವಂಥ ಹುಲ್ಲುಗಾವಲು ಬೆಳೆಸುವ ಬಗ್ಗೆ ಇಂಗ್ಲೆಂಡಿನ ಪರಂಪರೆ ಸಂಸ್ಥೆಯಾದ ಹಿಸ್ಟಾರಿಕ್ ಇಂಗ್ಲೆಂಡ್ ಆ ರೈತ ಕುಟುಂಬದ ಜೊತೆ ಸೇರಿ ಕೆಲಸ ಮಾಡುತ್ತಿರುವುದಾಗಿ 2021ರಲ್ಲಿ ಹೇಳಿತ್ತು.